ಶಿರಸಿಯಲ್ಲಿ ಮಕ್ಕಳ ಯಕ್ಷಗಾನ ಶಿಬಿರ: ಎಷ್ಟು ಗುರುಗಳು ಬೇಕು?

ಶಾಲ್ಮಲಾ:
ಏಪ್ರಿಲ್ ರಜೆಯಲ್ಲಿ ಶಿರಸಿ ಹತ್ತಿರ ಹತ್ತು ದಿನದ ಶಿಬಿರ ಮಾಡಬೇಕೆಂದಿದೆ. 10ರಿಂದ 15 ವರ್ಷದ 30 ಮಕ್ಕಳು. ಕುಣಿತಕ್ಕೆ ಬಡಾಬಡಗಿನ (ಉತ್ತರ ಕನ್ನಡದ ಶೈಲಿಯ) ಗುರುಗಳೊಬ್ಬರು ಒಪ್ಪಿದ್ದಾರೆ. ಭಾಗವತಿಕೆ (ಹಾಡುಗಾರಿಕೆ), ಮದ್ದಲೆ, ಚಂಡೆಗೆ ಬೇರೆ ಬೇರೆ ಜನ ಬೇಕಾ? ಕುಣಿತಕ್ಕೆ ರೆಕಾರ್ಡ್ ಹಾಕಿ ಸಾಗಿಸಬಹುದಾ? ಕೊನೆಯ ದಿನ ಅರ್ಧ ಗಂಟೆಯ ಪ್ರಸಂಗ ಆಡಿಸುವ ಆಸೆ.

ಮದ್ದಲೆಪ್ರಿಯ:
ರೆಕಾರ್ಡ್ ಬೇಡವೇ ಬೇಡ. ಮಗು ಹೆಜ್ಜೆ ತಪ್ಪಿದರೆ ಭಾಗವತರು ಅದೇ ಸಾಲನ್ನು ಮತ್ತೊಮ್ಮೆ ಎತ್ತಿ ಕಾಯುತ್ತಾರೆ, ಮದ್ದಲೆಗಾರರು ಕಾಲು ನೋಡಿಕೊಂಡು ಬಿಡ್ತಿಗೆ (ಕುಣಿತದ ನುಡಿಗಟ್ಟು) ಕೊಡುತ್ತಾರೆ. ರೆಕಾರ್ಡಿನಲ್ಲಿ ಕಲಿತವರಿಗೆ ಹಿಮ್ಮೇಳದ ಕಡೆ ಕಿವಿಯೇ ಇರುವುದಿಲ್ಲ, ರಂಗದಲ್ಲಿ ಪದ್ಯ ಎತ್ತುವ ಮೊದಲೇ ಕುಣಿಯಲು ಹೊರಡುತ್ತಾರೆ.

ಕುಣಿತ, ಭಾಗವತಿಕೆ, ಮದ್ದಲೆಗೆ ಒಬ್ಬೊಬ್ಬರಂತೆ ಮೂವರು ಸಾಕು. ಚಂಡೆಯವರು ಕೊನೆಯ ಮೂರು ದಿನ ಬರಲಿ. ಮೊದಲೇ ತಂದರೆ ಆ ಸದ್ದಿನಲ್ಲಿ ಮಕ್ಕಳ ಬಾಯಿತಾಳ (ಬಾಯಲ್ಲಿ ಹೇಳುವ ತಾಳದ ನುಡಿ) ಯಾರಿಗೂ ಕೇಳಿಸದು, ತಪ್ಪು ಹಾಗೆಯೇ ಉಳಿಯುತ್ತದೆ. ಮೊದಲೆರಡು ದಿನ ಗೆಜ್ಜೆ ಕಟ್ಟಿಸಬೇಡಿ, ಕೂತು ಕೈತಾಳ ಹಾಕಿ ಬಾಯಿತಾಳ ಹೇಳಿಸಿ. ಹತ್ತು ದಿನಕ್ಕೆ ತಾಳಗಳಲ್ಲಿ ಏಕ, ರೂಪಕ (ಆವರ್ತಕ್ಕೆ 6 ಅಕ್ಷರ), ಝಂಪೆ (10) ಧಾರಾಳ. ಝಂಪೆಯಲ್ಲಿ ಕೊನೆಯ ಅಕ್ಷರ ನುಂಗಿ ಮುಂದಿನ ಆವರ್ತಕ್ಕೆ ಹಾರುವುದು ಸಾಮಾನ್ಯ, ಅಲ್ಲಿ ನಿಲ್ಲಿಸಿ ತಿದ್ದಿ. 14 ಅಕ್ಷರದ ಅಷ್ಟತಾಳ ಈ ಶಿಬಿರಕ್ಕೆ ಭಾರ.

ಹತ್ತು ಮಕ್ಕಳಿಗೆ ಎರಡೇ ಮದ್ದಲೆ ಇದ್ದರೆ ಉಳಿದವರು ಹಲಗೆಯ ಮೇಲೆ ನುಡಿ ಸಾಧಿಸಲಿ. ಸಂಜೆ ಮಳೆ ಬಂದರೆ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ, ವಾದ್ಯವನ್ನು ನೆಲಕ್ಕಿಡಬೇಡಿ.

ಅಘನಾಶಿನಿ:
ಒಂದು ತೊಡಕು. ಮಕ್ಕಳನ್ನು ಮೂರು ಗುಂಪು ಮಾಡಿ ಮೂರು ಕೋಣೆಗೆ ಕಳಿಸಿದರೆ ಕುಣಿತದ ಕೋಣೆಗೆ ಹಿಮ್ಮೇಳವೇ ಇರುವುದಿಲ್ಲ. ಹಾಗಾಗಿ ಬೆಳಿಗ್ಗೆ ಬಿಸಿಲೇರುವ ಮೊದಲು ಗುಂಪುಗಳು ಬೇರೆಯಾಗಿ ಕಲಿಯಲಿ, ಆಗ ಕುಣಿತದ ಗುರುಗಳು ತಾಳ ಹಿಡಿದು ಬಾಯಿತಾಳ ಹೇಳಿದರೆ ನಡೆಯುತ್ತದೆ. ಮಧ್ಯಾಹ್ನ ಮೂರರಿಂದ ಎಲ್ಲರೂ ಒಂದೇ ಕಡೆ ಸೇರಿ ಹಿಮ್ಮೇಳದೊಂದಿಗೆ ಕುಣಿಯಲಿ. ಈ ಹೊತ್ತನ್ನು ಯಾವ ಕಾರಣಕ್ಕೂ ಕಡಿತ ಮಾಡಬೇಡಿ.

ಟೈಲ್ಸ್ ನೆಲದಲ್ಲಿ ಮಂಡಿ (ಮೊಣಕಾಲೂರಿ ಸುತ್ತುವ ಕುಣಿತ) ಹಾಕಿಸಬಾರದು. ಸಾರಿಸಿದ ಮಣ್ಣಿನ ಅಂಗಳ ಒಳ್ಳೆಯದು. 12ರ ಒಳಗಿನವರಿಗೆ ಮಂಡಿಯೇ ಬೇಡ. ಧ್ವನಿ ಒಡೆಯುತ್ತಿರುವ ಹುಡುಗರನ್ನು ಭಾಗವತರ ಶ್ರುತಿಗೆ ಎಳೆಯಬೇಡಿ, ಅವರನ್ನು ಮದ್ದಲೆಗೆ ಕೂರಿಸಿ.

ಕೋಡಿಬಾಗ:
ಹಂಗೇರಿಯ ಜನಪದ ನೃತ್ಯ ಶಿಬಿರಗಳ ಕ್ರಮವೂ ಇದಕ್ಕೆ ಹತ್ತಿರ. 1972ರಲ್ಲಿ ಬುಡಾಪೆಸ್ಟ್‌ನಲ್ಲಿ ಶುರುವಾದ, ಜನ ಸೇರಿ ಜನಪದ ನೃತ್ಯ ಕಲಿತು ಕುಣಿಯುವ ತಾಂತ್ಸ್‌ಹಾಜ್ ಪದ್ಧತಿಯನ್ನು ಯುನೆಸ್ಕೊ 2011ರಲ್ಲಿ ಉತ್ತಮ ಸಂರಕ್ಷಣಾ ಕ್ರಮಗಳ ಪಟ್ಟಿಗೆ ಸೇರಿಸಿತು. ಅಲ್ಲಿ ಕುಣಿತಕ್ಕೆ ವಾದ್ಯದವರು ಎದುರಿಗೇ ಇರುತ್ತಾರೆ. ಪಿಟೀಲು ರಾಗ ನುಡಿಸಿದರೆ, ಕೊಂತ್ರಾ ಎಂಬ ಮೂರು ತಂತಿಯ ವಾದ್ಯ ಲಯ ಕೊಡುತ್ತದೆ. ಅದರ ಕುದುರೆ (ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿ) ಚಪ್ಪಟೆ ಇರುವುದರಿಂದ ಮೂರೂ ತಂತಿ ಒಟ್ಟಿಗೆ ನುಡಿಯುತ್ತವೆ. ಉದಾಹರಣೆಗೆ, ಟ್ರಾನ್ಸಿಲ್ವೇನಿಯಾದ ಸೇಕ್ ಊರಿನ ಕುಣಿತ ಕಲಿಸುವಾಗ ಹಾಡಿನ ಗುರುಗಳೂ ಅದೇ ಊರಿನ ಹಾಡು ಹೇಳಿಕೊಡುತ್ತಾರೆ. ನೀವೂ ಪ್ರಸಂಗದ ಐದಾರು ಪದ್ಯ ಮೊದಲೇ ಆರಿಸಿ ಮೂವರು ಗುರುಗಳಿಗೂ ಕೊಡಿ, ಎಲ್ಲರೂ ಅವನ್ನೇ ಕಲಿಸಲಿ. ಭಾಗವತರೂ ಬಡಾಬಡಗಿನವರೇ ಆಗಿರಲಿ. ತೆಂಕಿನವರನ್ನು (ದಕ್ಷಿಣದ ಶೈಲಿಯವರನ್ನು) ಬೆರೆಸಿದರೆ ಹತ್ತು ದಿನದಲ್ಲಿ ಮಕ್ಕಳಿಗೆ ಗೊಂದಲವೇ ಉಳಿಯುತ್ತದೆ. ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಯಕ್ಷಗಾನ ಮನೆತನದವರ ಶ್ರೀಮಯ ತರಬೇತಿ ಕೇಂದ್ರವಿದೆ, ಅಲ್ಲಿ ವಿಚಾರಿಸಿ.

ಶಾಲ್ಮಲಾ:
ಉಪಕಾರ ಆಯ್ತು. ಪಾಂಡವರ ಒಡ್ಡೋಲಗ (ರಂಗಪ್ರವೇಶದ ಕುಣಿತ) ಹಿಡಿದರೆ ಹೇಗೆ?

ಅಘನಾಶಿನಿ:
ಒಳ್ಳೆಯ ಆಯ್ಕೆ, ಐವರು ಒಟ್ಟಿಗೆ ರಂಗಕ್ಕೆ ಬರಬಹುದು. ಚಿಕ್ಕವರಿಗೆ ಪೂರ್ವರಂಗದ (ಪ್ರಸಂಗಕ್ಕೆ ಮೊದಲಿನ ಭಾಗದ) ಬಾಲಗೋಪಾಲ ಕುಣಿತ ಕೊಡಿ. ತಲೆಗೆ ಕಟ್ಟುವ ಕೇದಗೆ ಮುಂದಲೆಯನ್ನು ಆಟದ ದಿನವೇ ಮೊದಲ ಸಲ ಕಟ್ಟಬೇಡಿ. ಬಿಗಿ ಹೆಚ್ಚಾದರೆ ಮಕ್ಕಳಿಗೆ ತಲೆನೋವು ಬಂದು ಹೊಟ್ಟೆ ತೊಳೆಸುತ್ತದೆ. ಎರಡು ದಿನ ಮೊದಲೇ ಕಟ್ಟಿ, ಕಾಲು ಗಂಟೆ ಕುಣಿಸಿ ನೋಡಿ.