ಎಚ್‌ಡಿ 600 ತಗೊಂಡಾಯ್ತು, ಹತ್ತು ಸಾವಿರದೊಳಗೆ ಆಂಪ್ ಯಾವುದು?

ಕೇಳಿದವರು, ಮೈಸೂರು

ನಮಸ್ಕಾರ. ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿತು. ಒಳ್ಳೆ ಸ್ಥಿತಿಯಲ್ಲಿದೆ. ಸದ್ಯಕ್ಕೆ ಲ್ಯಾಪ್‌ಟಾಪ್‌ಗೆ ನೇರವಾಗಿ ಹಾಕಿ ಕೇಳುತ್ತಿದ್ದೇನೆ. ಸಿನಿಮಾ ಹಾಡುಗಳಿಗೆ ತೊಂದರೆ ಇಲ್ಲ. ಹಳೆಯ ಹಿಂದೂಸ್ತಾನಿ ರೆಕಾರ್ಡಿಂಗ್ ಹಾಕಿದರೆ ಮಾತ್ರ ವಾಲ್ಯೂಮ್ ನೂರಕ್ಕೆ ಇಟ್ಟರೂ ಸಾಲುವುದಿಲ್ಲ. 300 ಓಮ್‌ನ (ಕರೆಂಟ್‌ಗೆ ಅಷ್ಟು ತಡೆ ಒಡ್ಡುವ) ಹೆಡ್‌ಫೋನ್, ಆಂಪ್ಲಿಫೈಯರ್ ಇಲ್ಲದೆ ಅದರ ನಿಜವಾದ ದನಿಯೇ ಬರಲ್ಲ ಅಂತ ಸ್ನೇಹಿತರು ಹೇಳುತ್ತಾರೆ. ಬಜೆಟ್ 10,000 ರೂಪಾಯಿ. ಫೋನ್ ಆಂಡ್ರಾಯ್ಡ್, ಅದರಲ್ಲಿ ಜಾಕ್ ಇಲ್ಲ. ಮುಂದೆ ಹೈಫೈಮನ್ ಎಚ್‌ಇ400ಎಸ್‌ಇ ಹೆಡ್‌ಫೋನ್ ತಗೊಳ್ಳುವ ಆಸೆಯೂ ಇದೆ. ಎರಡಕ್ಕೂ ಆಗುವಂಥದ್ದು ಯಾವುದು? ಬಳಸಿದವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ

ಗುರು, ಮೊದಲು ಆಪಲ್‌ನ ಟೈಪ್-ಸಿ ಡಾಂಗಲ್ (ಟೈಪ್-ಸಿ ಪೋರ್ಟ್‌ಗೆ ಸಿಕ್ಕಿಸಿ ಹೆಡ್‌ಫೋನ್ ಹಾಕುವ ಚಿಕ್ಕ ವೈರ್) ಒಂದು ತಗೊಂಡು ನೋಡಿ. ಲ್ಯಾಪ್‌ಟಾಪ್ ಜಾಕ್‌ನಲ್ಲಿ ಬರುವ ಗೊರಗೊರ ಇದರಲ್ಲಿ ಇರಲ್ಲ, ಶಬ್ದ ಶುದ್ಧ. ಸುಮ್ನೆ ದೊಡ್ಡ ಡಬ್ಬ ತಂದು ಮೇಜು ತುಂಬಿಸಬೇಡಿ. ಒಂದು ಎಚ್ಚರಿಕೆ: ತುಂಬಾ ಆಂಡ್ರಾಯ್ಡ್ ಫೋನ್‌ಗಳಲ್ಲಿ ಈ ಡಾಂಗಲ್‌ನ ವಾಲ್ಯೂಮ್ ಪೂರ್ತಿ ಏರುವುದಿಲ್ಲ. ಯುಎಸ್‌ಬಿ ಆಡಿಯೊ ಪ್ಲೇಯರ್ ಪ್ರೊ ಥರದ ಆ್ಯಪ್ ಹಾಕಿದರೆ ಸರಿಹೋಗುತ್ತದೆ, ಅದಕ್ಕೆ ದುಡ್ಡು ಕೊಡಬೇಕು. ಲ್ಯಾಪ್‌ಟಾಪ್‌ನಲ್ಲಿ ಈ ಕಾಟ ಇಲ್ಲ.

ಧಾರವಾಡದಿಂದ

ಮೇಲಿನವರು ಹೇಳಿದ್ದು ಅರ್ಧ ಸರಿ. ಡಾಂಗಲ್ ಎಲ್ಲಿವರೆಗೆ ಸಾಕು, ಎಲ್ಲಿಂದ ಸಾಲದು ಅನ್ನುವುದಕ್ಕೆ ಲೆಕ್ಕ ಇದೆ. ಅದೇನೂ ಕಷ್ಟದ್ದಲ್ಲ.

ಎಚ್‌ಡಿ 600ಗೆ 1 ವೋಲ್ಟ್ ಕೊಟ್ಟರೆ 97 ಡೆಸಿಬೆಲ್ ಶಬ್ದ ಬರುತ್ತದೆ ಎಂದು ಕಂಪನಿಯೇ ಹೇಳುತ್ತದೆ. ಆಪಲ್ ಡಾಂಗಲ್ ಕೊಡುವುದು ಹೆಚ್ಚೆಂದರೆ 1 ವೋಲ್ಟ್. (ಯುರೋಪಿನಲ್ಲಿ ಮಾರುವ ಮಾದರಿ ಅರ್ಧ ವೋಲ್ಟ್ ಮಾತ್ರ, ಅಲ್ಲಿಂದ ಯಾರಾದರೂ ತಂದುಕೊಟ್ಟರೆ ಗಮನ ಇರಲಿ.) ಈ 97 ಅನ್ನುವುದು ರೆಕಾರ್ಡಿಂಗ್‌ನ ಅತಿ ಜೋರಾದ ಜಾಗದಲ್ಲಿ ಸಿಗುವ ಮಟ್ಟ. ಈಗಿನ ಸಿನಿಮಾ ಹಾಡುಗಳನ್ನು ಒತ್ತಿ ಒತ್ತಿ, ಮೆಲ್ಲನೆಯದಕ್ಕೂ ಜೋರಿನದಕ್ಕೂ ಇರುವ ಅಂತರ ಕುಗ್ಗಿಸಿ ಮಾಸ್ಟರ್ ಮಾಡಿರುತ್ತಾರೆ. ಸರಾಸರಿ ಮಟ್ಟ ಶಿಖರಕ್ಕಿಂತ ಹತ್ತು ಡೆಸಿಬೆಲ್ ಕೆಳಗೆ ಇರುತ್ತದೆ ಅಷ್ಟೇ. ಅಂದರೆ 87. ಅದು ಜೋರೇ. ಅದಕ್ಕೇ ನಿಮಗೆ ಸಿನಿಮಾ ಹಾಡಿನಲ್ಲಿ ಕೊರತೆ ಕಾಣುತ್ತಿಲ್ಲ.

ಶಾಸ್ತ್ರೀಯ ಸಂಗೀತದ್ದು ಬೇರೆ ಕಥೆ. ಸರಾಸರಿ ಮಟ್ಟ ಶಿಖರಕ್ಕಿಂತ ಇಪ್ಪತ್ತು ಡೆಸಿಬೆಲ್ ಕೆಳಗಿದ್ದರೂ ಆಶ್ಚರ್ಯವಿಲ್ಲ. ಅಲ್ಲಿಗೆ 77 ಆಯಿತು. ನಮ್ಮ ಮನೆಯಲ್ಲಿ ಮಲ್ಲಿಕಾರ್ಜುನ ಮನ್ಸೂರರ ಹಳೆಯ ರೆಕಾರ್ಡಿಂಗ್‌ಗಳೇ ಜಾಸ್ತಿ ಓಡುವುದು. ಹಳೆಯ ಟೇಪಿನಿಂದ ಇಳಿಸಿದ ಕೆಲವು ಫೈಲ್‌ಗಳಲ್ಲಿ ಮಟ್ಟ ಇನ್ನೂ ಕಮ್ಮಿ. ಆಲಾಪದ ಹೊತ್ತಿಗೆ ತಂಬೂರಿ ಎಲ್ಲೋ ಪಕ್ಕದ ಕೋಣೆಯಲ್ಲಿ ಇದ್ದಂತೆ ಅನ್ನಿಸುತ್ತಿತ್ತು. ಆಂಪ್ ಬಂದ ಮೇಲೆ ಅದು ಸರಿಹೋಯಿತು. ಹಾಗಂತ ಮಾಯೆ ಏನೂ ಆಗಲಿಲ್ಲ. ಟೇಪಿನ ಹಿಸ್ ಕೂಡ ಅಷ್ಟೇ ಜೋರಾಗಿ ಕೇಳಿಸತೊಡಗಿತು!

ಶಿಖರಕ್ಕೆ 110 ಡೆಸಿಬೆಲ್ ಸಿಗುವಂತೆ ಇಟ್ಟುಕೊಂಡರೆ ಯಾವ ರೆಕಾರ್ಡಿಂಗ್‌ಗೂ ಸಾಕು. ಎಚ್‌ಡಿ 600ಗೆ ಅದಕ್ಕೆ ಸುಮಾರು ನಾಲ್ಕೂವರೆ ವೋಲ್ಟ್ ಬೇಕು. ಪವರ್ ಲೆಕ್ಕದಲ್ಲಿ 70 ಮಿಲಿವ್ಯಾಟ್ ಕೂಡ ಆಗಲ್ಲ. ಆದ್ದರಿಂದ ಡಬ್ಬದ ಮೇಲೆ "1000 ಮಿಲಿವ್ಯಾಟ್, 32 ಓಮ್‌ಗೆ" ಅಂತ ದೊಡ್ಡದಾಗಿ ಬರೆದಿದ್ದರೆ ಮರುಳಾಗಬೇಡಿ. 300 ಓಮ್‌ಗೆ ಎಷ್ಟು ವೋಲ್ಟ್ ಕೊಡುತ್ತೆ ಅನ್ನುವುದನ್ನು ಹುಡುಕಿ ಓದಿ.

ಎಚ್‌ಇ400ಎಸ್‌ಇ ಇದಕ್ಕೆ ಉಲ್ಟಾ. 25 ಓಮ್, 91 ಡೆಸಿಬೆಲ್. ಅದನ್ನು ಒಂದು ಮಿಲಿವ್ಯಾಟ್‌ನ ಲೆಕ್ಕ ಅಂತ ಹಿಡಿದರೆ 1 ವೋಲ್ಟ್‌ಗೇ 107 ಡೆಸಿಬೆಲ್ ಬರಬೇಕು. ವೋಲ್ಟ್ ಜಾಸ್ತಿ ಬೇಡ. ಆದರೆ ಆ ಒಂದು ವೋಲ್ಟ್‌ಗೆ 40 ಮಿಲಿಆಂಪಿಯರ್ ಕರೆಂಟ್ ಎಳೆಯುತ್ತದೆ. ಎಚ್‌ಡಿ 600 ಅದೇ ಒಂದು ವೋಲ್ಟ್‌ಗೆ ಮೂರು ಚಿಲ್ಲರೆ ಮಿಲಿಆಂಪಿಯರ್ ಎಳೆದರೆ ಹೆಚ್ಚು. ನಾಲ್ಕನೇ ಮಹಡಿಯ ಟ್ಯಾಂಕಿಗೆ ನೀರು ಏರಿಸಲು ಒತ್ತಡ ಬೇಕು, ಗದ್ದೆಗೆ ಹಾಯಿಸಲು ಹರಿವು ಬೇಕು, ಅಲ್ವಾ? ಇದೂ ಹಾಗೇ. ನೀವು ಎರಡೂ ಇಟ್ಟುಕೊಳ್ಳುವವರಾದರೆ ಎರಡೂ ಕೊಡುವ ಆಂಪ್ ನೋಡಬೇಕು.

ನ್ಯೂಜೆರ್ಸಿಯಿಂದ

ಧಾರವಾಡದ ಸರ್ ಹೇಳಿದ "ಎರಡೂ ಕೊಡುವ" ಆಂಪ್‌ಗಳು ಇಲ್ಲಿ ನೂರು ಡಾಲರ್ ಆಸುಪಾಸಿಗೆ ಸಿಗುತ್ತವೆ. ಶಿಟ್ ಕಂಪನಿಯ ಮ್ಯಾಗ್ನಿ 2012ರಲ್ಲಿ 99 ಡಾಲರ್‌ಗೆ ಬಂತು. ಜೆಡಿಎಸ್ ಲ್ಯಾಬ್ಸ್‌ನ ಆಟಮ್ 2018ರಲ್ಲಿ ಅದೇ ಬೆಲೆಗೆ ಬಂತು. ನನ್ನ ಹತ್ತಿರ ಆಟಮ್ ಇದೆ. ಎಚ್‌ಡಿ 650 ಹಾಕಿ ಕೇಳುತ್ತೇನೆ, ನಾಬ್ ಅರ್ಧ ದಾಟಿಸಿದ್ದು ನೆನಪಿಲ್ಲ.

ಆದರೆ ಊರಿಗೆ ತರಿಸುವವರು ಒಂದು ವಿಷಯ ತಿಳಿದಿರಬೇಕು. ಈ ಎರಡೂ ಆಂಪ್‌ಗಳ ಅಡಾಪ್ಟರ್ ಎಸಿಯಿಂದ ಎಸಿಗೆ ಇಳಿಸುವ ಹಳೇ ಕಾಲದ ಟ್ರಾನ್ಸ್‌ಫಾರ್ಮರ್. ಮೊಬೈಲ್ ಚಾರ್ಜರ್ ಥರ 100ರಿಂದ 240 ವೋಲ್ಟ್‌ವರೆಗೆ ತಡೆಯುವುದಿಲ್ಲ. ಅಮೆರಿಕದ 120 ವೋಲ್ಟ್‌ನದ್ದನ್ನು ನಮ್ಮ 230ಕ್ಕೆ ಚುಚ್ಚಿದರೆ ಸುಟ್ಟೇ ಹೋಗುತ್ತದೆ. ತರಿಸುವಾಗಲೇ 230 ವೋಲ್ಟ್‌ನ ಅಡಾಪ್ಟರ್ ಕೇಳಿ. ಮಾಮೂಲಿ 12 ವೋಲ್ಟ್ ಡಿಸಿ ಅಡಾಪ್ಟರ್ ಕೂಡ ಇದಕ್ಕೆ ನಡೆಯಲ್ಲ. ಕೊರಿಯರ್‌ನಲ್ಲಿ ತರಿಸಿದರೆ ಕಸ್ಟಮ್ಸ್, ಐಜಿಎಸ್‌ಟಿ ಸೇರಿ ನೂರು ಡಾಲರ್‌ನ ವಸ್ತು ನಿಮ್ಮ ಹತ್ತು ಸಾವಿರವನ್ನು ದಾಟುತ್ತದೆ. ಇದಕ್ಕೆ ಡಿಎಸಿ (ಡಿಜಿಟಲ್ ಹಾಡನ್ನು ಆಂಪ್‌ಗೆ ಕೊಡುವ ಸಿಗ್ನಲ್ ಆಗಿ ಬದಲಿಸುವ ಸಾಧನ) ಬೇರೆ ಬೇಕು. ಆಪಲ್ ಡಾಂಗಲ್‌ನಿಂದಲೇ ಒಂದು ವೈರ್ ಎಳೆದು ಕೊಡಬಹುದು, ನಾನು ಹಾಗೇ ಮಾಡಿದ್ದೇನೆ.

ಇನ್ನೊಂದು. ಲೋ ಗೇನ್, ಹೈ ಗೇನ್ (ಆಂಪ್ ಸಿಗ್ನಲ್ಲನ್ನು ಎಷ್ಟು ಪಟ್ಟು ಹೆಚ್ಚಿಸಬೇಕು ಅನ್ನುವ) ಸ್ವಿಚ್ ಇರುವುದನ್ನೇ ನೋಡಿ. ಅಗ್ಗದ ವಾಲ್ಯೂಮ್ ನಾಬ್‌ಗಳಲ್ಲಿ ತೀರಾ ಕೆಳಗಿನ ಜಾಗದಲ್ಲಿ ಎಡಕಿವಿ, ಬಲಕಿವಿ ಸಮ ಇರುವುದಿಲ್ಲ. ಗೇನ್ ಕಮ್ಮಿ ಇಟ್ಟರೆ ನಾಬ್ ಮೇಲಕ್ಕೆ ತಿರುಗಿಸಿ ಕೇಳಬಹುದು, ಆ ತೊಂದರೆ ತಪ್ಪುತ್ತದೆ.

ಮಂಗಳೂರಿನಿಂದ

ನಾನು ಬಳಸುವುದು ಕ್ಯೂಡೆಲಿಕ್ಸ್ 5ಕೆ. ಡಿಎಸಿ, ಆಂಪ್ ಎರಡೂ ಸೇರಿದ ಬೆಂಕಿಪೆಟ್ಟಿಗೆ ಗಾತ್ರದ್ದು. ಬ್ಲೂಟೂತ್‌ನಲ್ಲೂ ನಡೆಯುತ್ತದೆ, ಯುಎಸ್‌ಬಿಯಲ್ಲೂ ನಡೆಯುತ್ತದೆ. ಮಾಮೂಲಿ 3.5 ಎಂಎಂ ಜಾಕ್‌ನಲ್ಲಿ 2 ವೋಲ್ಟ್, 2.5 ಎಂಎಂ ಬ್ಯಾಲೆನ್ಸ್ಡ್ (ಎಡಕಿವಿ, ಬಲಕಿವಿಗೆ ಬೇರೆ ಬೇರೆ ಎರಡೆರಡು ತಂತಿ ಇರುವ) ಜಾಕ್‌ನಲ್ಲಿ 4 ವೋಲ್ಟ್. ಧಾರವಾಡದವರ ಲೆಕ್ಕ ಹಿಡಿದರೆ ಎಚ್‌ಡಿ 600ಗೆ 109 ಡೆಸಿಬೆಲ್ ಆಯಿತು. ಸಾಕಲ್ವಾ? ಎಚ್‌ಡಿ 600ರ ಕೇಬಲ್ ಬಿಚ್ಚಿ ಬದಲಾಯಿಸುವಂಥದ್ದು, ಹಾಗಾಗಿ ಬ್ಯಾಲೆನ್ಸ್ಡ್ ಕೇಬಲ್ ಹಾಕುವುದು ಸುಲಭ. ಕೇಬಲ್ ಖರ್ಚು ಬೇರೆ, ಅದನ್ನೂ ಬಜೆಟ್‌ನಲ್ಲಿ ಹಿಡಿಯಿರಿ.

ನನಗೆ ಇದು ಇಷ್ಟವಾಗಿದ್ದು ವೋಲ್ಟ್‌ಗಾಗಿ ಅಲ್ಲ, ಒಳಗೇ ಇರುವ, ಬೇಸ್, ಟ್ರೆಬಲ್ ಏರಿಸಿ ಇಳಿಸುವ ಈಕ್ವಲೈಸರ್‌ಗಾಗಿ. ಎಚ್‌ಡಿ 600ರಲ್ಲಿ ತೀರಾ ಕೆಳಗಿನ ಬೇಸ್ ಕಮ್ಮಿ. ಮೃದಂಗದ ಎಡಗಡೆ ತೊಪ್ಪಿ ಬಾರಿಸಿದಾಗ ಎದೆಗೆ ತಟ್ಟಬೇಕಲ್ಲ, ಅದು ಬರುವುದಿಲ್ಲ. ಎಷ್ಟು ದುಬಾರಿ ಆಂಪ್ ಹಾಕಿದರೂ ಅದನ್ನು ತರಲಾಗದು. ಈಕ್ವಲೈಸರ್‌ನಲ್ಲಿ ಐದಾರು ಡೆಸಿಬೆಲ್ ಏರಿಸಿದರೆ ಬರುತ್ತದೆ. ಹಾಗೆ ಏರಿಸುವಾಗ ಒಟ್ಟು ಮಟ್ಟವನ್ನು ಅಷ್ಟೇ ಇಳಿಸಬೇಕು, ಇಲ್ಲದಿದ್ದರೆ ಶಬ್ದ ಒಡೆಯುತ್ತದೆ. ಆ ಆರು ಡೆಸಿಬೆಲ್ ವಾಪಸ್ ಪಡೆಯಲು ವೋಲ್ಟ್ ಎರಡರಷ್ಟು ಬೇಕು. ಆಂಪ್ ಬೇಕು ಅನ್ನುವುದಕ್ಕೆ ನನ್ನ ಪ್ರಕಾರ ಇದೇ ಸರಿಯಾದ ಕಾರಣ. ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಈಕ್ವಲೈಸರ್ ಎಪಿಒ ಪುಕ್ಕಟೆ ಸಿಗುತ್ತದೆ. ದುಡ್ಡು ಖರ್ಚು ಮಾಡುವ ಮೊದಲು ಅದನ್ನು ಹಾಕಿ ಒಂದು ವಾರ ಕೇಳಿ.

ಕೇಳಿದವರು, ಮೈಸೂರು

ಇಷ್ಟೊಂದು ಮಾಹಿತಿಗೆ ತುಂಬಾ ಥ್ಯಾಂಕ್ಸ್. ಗೊರಗೊರ ಅಂದಿರಲ್ಲ, ಅದು ನನಗೂ ಇದೆ. ಚಾರ್ಜರ್ ಹಾಕಿದಾಗ ಮಾತ್ರ ಝೇಂಕರಿಸುತ್ತದೆ. ಲ್ಯಾಪ್‌ಟಾಪ್ ಮೈ ಮುಟ್ಟಿದರೆ ಜುಮ್ ಅನ್ನುತ್ತದೆ. ಆಂಪ್ ಹಾಕಿದರೆ ಹೋಗುತ್ತದಾ?

ಶಿವಮೊಗ್ಗದಿಂದ

ಹೋಗಲ್ಲ ಸರ್, ಜಾಸ್ತಿ ಆದರೂ ಆಗಬಹುದು. ನನ್ನದು ಸೌಂಡ್ ಸರ್ವಿಸ್ ಕೆಲಸ, ದಿನಾ ಇದೇ ಗೋಳು. ಮೈ ಜುಮ್ ಅನ್ನುತ್ತೆ ಅಂದರೆ ಅರ್ಥಿಂಗ್ ಇಲ್ಲ ಅಂತ. ಚಾರ್ಜರ್ ಒಳಗಿನ ಫಿಲ್ಟರ್ ಕೆಪಾಸಿಟರ್ ಮೂಲಕ ಚೂರು ಕರೆಂಟ್ ಸೋರಿ ಲ್ಯಾಪ್‌ಟಾಪ್ ಬಾಡಿಗೆ ಬರುತ್ತದೆ. ಎರಡು ಪಿನ್ನಿನ ಚಾರ್ಜರ್ ಆಗಿದ್ದರೆ, ಅಥವಾ ಮೂರು ಪಿನ್ನಿನದನ್ನು ಎರಡು ಪಿನ್ನಿನ ಕನ್ವರ್ಟರ್‌ಗೆ ಸಿಕ್ಕಿಸಿದ್ದರೆ ಹೀಗೆ ಆಗುತ್ತದೆ. ಮೂರು ಪಿನ್ ಇದ್ದೂ ಜುಮ್ ಅಂದರೆ ಗೋಡೆಯ ಸಾಕೆಟ್‌ಗೆ ಅರ್ಥ್ ವೈರ್ ಬಂದೇ ಇಲ್ಲ. ಹಳೆಯ ಬಾಡಿಗೆ ಮನೆಗಳಲ್ಲಿ ಇದು ಮಾಮೂಲು. ಎಲೆಕ್ಟ್ರಿಷಿಯನ್ ಕರೆಸಿ ತೋರಿಸಿ. ಇದು ಹಾಡಿಗಷ್ಟೇ ಅಲ್ಲ, ಜೀವಕ್ಕೂ ಬೇಕಾದದ್ದು.

ಅಲ್ಲಿವರೆಗೆ ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಕೇಳಿ. ಆಮೇಲೆ ಕರೆಂಟ್‌ಗೆ ಹಾಕುವ ಡೆಸ್ಕ್‌ಟಾಪ್ ಆಂಪ್ ತಂದರೆ ಲ್ಯಾಪ್‌ಟಾಪ್, ಆಂಪ್ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಿ. ಬೇರೆ ಬೇರೆ ಸಾಕೆಟ್‌ಗೆ ಹಾಕಿದರೆ ಎರಡು ಅರ್ಥ್ ದಾರಿ ಸೇರಿ ಗ್ರೌಂಡ್ ಲೂಪ್ ಆಗಿ ಗುಂಯ್ ಅನ್ನುವ ಹಮ್ ಬರುವ ಸಂಭವ ಜಾಸ್ತಿ.

ಬೆಂಗಳೂರಿನಿಂದ, ಇನ್ನೊಬ್ಬರು

ಬೆಸುಗೆ ಹಾಕಲು ಬರುತ್ತದಾ? ಹಾಗಿದ್ದರೆ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಎಸ್‌ಪಿ ರೋಡ್‌ಗೆ ಬನ್ನಿ. ಸಿಮೋಯ್ ಅಂತ ಹಳೇ ಸರಳ ಆಂಪ್ ಸರ್ಕ್ಯೂಟ್ ಇದೆ. ಒಂದು ಆಪ್-ಆಂಪ್ ಚಿಪ್, ಒಂದಷ್ಟು ರೆಸಿಸ್ಟರ್, ಕೆಪಾಸಿಟರ್, 9 ವೋಲ್ಟ್ ಬ್ಯಾಟರಿ, ಅಷ್ಟೇ. ಪೆಪ್ಪರ್‌ಮೆಂಟ್ ತಗಡಿನ ಡಬ್ಬಿಯಲ್ಲಿ ಕೂರುತ್ತದೆ. ಎಚ್‌ಡಿ 600ಗೆ ಚೆನ್ನಾಗಿ ನಡೆಯುತ್ತದೆ, ಏಕೆಂದರೆ ಅದಕ್ಕೆ ಕರೆಂಟ್ ಬೇಡ. ಎಚ್‌ಇ400ಎಸ್‌ಇ ಹಾಕಿದರೆ ಸುಸ್ತಾಗುತ್ತದೆ. ಅದಕ್ಕೆ ಹಾಕುವ ಒಪಿಎ2134 ಚಿಪ್ ತಗೊಳ್ಳುವಾಗ ನಂಬಿಕಸ್ಥರ ಹತ್ತಿರ ತಗೊಳ್ಳಿ, ನಕಲಿ ಓಡಾಡುತ್ತವೆ.

ಇದಕ್ಕಿಂತ ಗಟ್ಟಿಯಾದದ್ದು ಬೇಕಾದರೆ ಓ2 ಅನ್ನುವ ಆಂಪ್. ಹೆಸರು ಹೇಳಿಕೊಳ್ಳದ ಎಂಜಿನಿಯರ್ ಒಬ್ಬರು 2011ರಲ್ಲಿ ಇದರ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅಗ್ಗದ ಭಾಗಗಳಿಂದಲೂ ದುಬಾರಿ ಆಂಪ್‌ನಷ್ಟು ಶುದ್ಧ ಶಬ್ದ ತೆಗೆಯಬಹುದು ಅಂತ ಅಳತೆ ಸಮೇತ ತೋರಿಸಿದ ಪುಣ್ಯಾತ್ಮ. ಇದಕ್ಕೂ ಎಸಿ ಅಡಾಪ್ಟರ್ ಬೇಕು, ಇಲ್ಲವೇ ಎರಡು 9 ವೋಲ್ಟ್ ಬ್ಯಾಟರಿ.

ಹುಬ್ಬಳ್ಳಿಯಿಂದ

ಎಲ್ಲರೂ ಬರೀ ಡೆಸಿಬೆಲ್ ಲೆಕ್ಕ ಹೇಳಾಕತ್ತೀರಿ. ಎಚ್‌ಡಿ 600ಗೆ ಗಾಜಿನ ಟ್ಯೂಬಿನ ವಾಲ್ವ್ ಆಂಪ್ ಹಾಕಿ ಒಮ್ಮೆ ಕೇಳ್ರಿ. ಗಂಗೂಬಾಯಿ ಹಾನಗಲ್ಲರ ದನಿಗೆ ಅದು ಕೊಡುವ ತೂಕ ಈ ಡಾಂಗಲ್‌ಗಳಿಂದ ಬರೂದಿಲ್ಲ.

ಧಾರವಾಡದಿಂದ

ಬರುವ ತೂಕಕ್ಕೂ ಲೆಕ್ಕ ಇದೆ, ಸಿಟ್ಟು ಮಾಡ್ಕೋಬ್ಯಾಡ್ರಿ. ಟ್ರಾನ್ಸ್‌ಫಾರ್ಮರ್ ಇಲ್ಲದ ವಾಲ್ವ್ ಆಂಪ್‌ಗಳ ಔಟ್‌ಪುಟ್ ಇಂಪಿಡೆನ್ಸ್ (ಓಮ್‌ನಲ್ಲಿ ಅಳೆಯುವ ಆಂಪ್‌ನದೇ ತಡೆ) ನೂರು ಓಮ್ ದಾಟಿರುವುದು ಉಂಟು. ಎಚ್‌ಡಿ 600ರ ಇಂಪಿಡೆನ್ಸ್ ನೂರು ಹರ್ಟ್ಸ್‌ನ ಆಸುಪಾಸಿನಲ್ಲಿ 500 ಓಮ್ ಮೀರಿ ಏರುತ್ತದೆ. ಇವೆರಡೂ ಸೇರಿದಾಗ ಆ ಜಾಗದಲ್ಲಿ ಸುಮಾರು ಒಂದು ಡೆಸಿಬೆಲ್ ಹೆಚ್ಚು ಬರುತ್ತದೆ. ದನಿ ತುಸು ತುಂಬಿಕೊಂಡಂತೆ ಕೇಳುವುದಕ್ಕೆ ಅದೂ ಒಂದು ಕಾರಣ. ನನಗೂ ಅದು ಇಷ್ಟವೇ. ಆದರೆ ಹತ್ತು ಸಾವಿರದವರಿಗೆ ಹೇಳುವ ದಾರಿ ಅಲ್ಲ. ಎಚ್‌ಇ400ಎಸ್‌ಇಗಂತೂ ಅಂಥ ಆಂಪ್ ಹೊಂದುವುದೇ ಇಲ್ಲ. ಔಟ್‌ಪುಟ್ ಇಂಪಿಡೆನ್ಸ್ ಹೆಡ್‌ಫೋನ್‌ನದಕ್ಕಿಂತ ಎಂಟು ಪಟ್ಟು ಕಮ್ಮಿ ಇರಲಿ ಅನ್ನುತ್ತಾರೆ, 25 ಓಮ್‌ಗೆ ಅದು ಮೂರು ಓಮ್ ಆಯಿತು.

ಎರಡು ಆಂಪ್ ಹೋಲಿಸುವಾಗ ಶಬ್ದದ ಮಟ್ಟ ಒಂದೇ ಇದೆಯಾ ಅಂತ ಮಲ್ಟಿಮೀಟರ್‌ನಲ್ಲಿ ಅಳೆದುಕೊಳ್ಳಿ. ಚೂರು ಜೋರಿದ್ದರೂ ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತದೆ. ಮಟ್ಟ ಸಮ ಮಾಡಿ ಕೇಳಿದಾಗ ಒಳ್ಳೆಯ ಎರಡು ಆಂಪ್‌ಗಳ ನಡುವೆ ನನಗೆ ವ್ಯತ್ಯಾಸ ಸಿಕ್ಕಿಲ್ಲ.

ಬೆಂಗಳೂರಿನಿಂದ

ಮತ್ತೆ ಕಿವಿಯ ಮೇಲೂ ಸ್ವಲ್ಪ ದಯೆ ಇರಲಿ. ದೊಡ್ಡವರಿಗೆ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ. ಆಂಪ್ ಬಂದ ಖುಷಿಗೆ ನಾಬ್ ತಿರುಗಿಸುತ್ತಲೇ ಹೋಗಬೇಡಿ.

ಕೇಳಿದವರು, ಮೈಸೂರು

ಈಕ್ವಲೈಸರ್ ಎಪಿಒ ಹಾಕಿ ಕೇಳಿದೆ. ಬೇಸ್ ಬಂತು, ವಾಲ್ಯೂಮ್ ಇನ್ನೂ ಇಳಿಯಿತು. ಹಾಗಾಗಿ ಆಂಪ್ ಬೇಕು ಅನ್ನುವುದು ಖಚಿತವಾಯಿತು. ಡೆಸ್ಕ್‌ಟಾಪ್ ಆಂಪ್ ಬೇಡ, ಫೋನಿಗೂ ಆಗುವ 4 ವೋಲ್ಟ್‌ನ ಬ್ಯಾಲೆನ್ಸ್ಡ್ ಡಾಂಗಲ್ ನೋಡುತ್ತಿದ್ದೇನೆ. ಎಲೆಕ್ಟ್ರಿಷಿಯನ್ ಭಾನುವಾರ ಬರುತ್ತಾರೆ. ಕೇಬಲ್ ಈಗಲೇ ಆರ್ಡರ್ ಮಾಡಲಾ?

ಮಂಗಳೂರಿನಿಂದ

ತಡೀರಿ. ನನ್ನದಕ್ಕೆ 2.5 ಎಂಎಂ, ಈಗ ಬರುವ ಹೆಚ್ಚಿನವಕ್ಕೆ 4.4 ಎಂಎಂ. ಡಾಂಗಲ್ ಯಾವುದು ಅಂತ ತೀರ್ಮಾನ ಮಾಡಿ, ಆಮೇಲೆ ಅದರ ಪಿನ್ ನೋಡಿ ಕೇಬಲ್ ತಗೊಳ್ಳಿ. ಎಚ್‌ಇ400ಎಸ್‌ಇ ಕಡೆ ಹಾಕುವ ಪ್ಲಗ್ ಎಚ್‌ಡಿ 600ರದ್ದಲ್ಲ, ಅದಕ್ಕೆ ಕೇಬಲ್ ಬೇರೆಯೇ ಬೇಕಾಗುತ್ತದೆ.