ಒಂದೇ ಕಪ್ಪು ಮನೆಗೆ ಎರಡು ಹೆಸರು: ಶಾರ್ಪ್ ಯಾವಾಗ, ಫ್ಲ್ಯಾಟ್ ಯಾವಾಗ?

(ಗುಂಪಿನ ಈ ವಾರದ ಪ್ರಶ್ನೋತ್ತರ. ಉತ್ತರಿಸುವವರು ಕರ್ನಾಟಕ ಸಂಗೀತವನ್ನೂ ಕಲಿತಿರುವ ಪಿಯಾನೊ ಶಿಕ್ಷಕಿ.)

ಪ್ರಶ್ನೆ, ಹಾಸನದಿಂದ: ಮೇಡಂ, ಮಗಳು ಕೀಬೋರ್ಡ್ ಗ್ರೇಡ್ ಪರೀಕ್ಷೆಗೆ ಸಿದ್ಧಳಾಗುತ್ತಿದ್ದಾಳೆ. ಅವಳ ಪುಸ್ತಕದಲ್ಲಿ ಎಫ್ ಮೇಜರ್ ಸ್ಕೇಲಿನ ನಾಲ್ಕನೆಯ ಸ್ವರ ಬಿ ಫ್ಲ್ಯಾಟ್ ಎಂದಿದೆ. ಅದೇ ಮನೆಯನ್ನು ಒತ್ತಿದರೆ ನನ್ನ ಮೊಬೈಲಿನ ಟ್ಯೂನರ್ ಎ ಶಾರ್ಪ್ ಎಂದು ತೋರಿಸುತ್ತದೆ. ಯಾವುದನ್ನು ನಂಬುವುದು?

ಉತ್ತರ: ಪುಸ್ತಕವನ್ನು. ಶಾರ್ಪ್ ಎಂದರೆ ಆ ಅಕ್ಷರದ ಸ್ವರಕ್ಕಿಂತ ಅರ್ಧ ಮನೆ (ಕೀಬೋರ್ಡಿನಲ್ಲಿ ತೀರ ಪಕ್ಕದ ಮನೆಯಷ್ಟು ದೂರ) ಮೇಲೆ, ಫ್ಲ್ಯಾಟ್ ಎಂದರೆ ಅಷ್ಟೇ ಕೆಳಗೆ. ಟ್ಯೂನರಿಗೆ ಸಿಗುವುದು ಸೆಕೆಂಡಿಗೆ ಸುಮಾರು 466 ಕಂಪನಗಳು ಎಂಬ ಲೆಕ್ಕ ಮಾತ್ರ. ಮಗಳು ಯಾವ ಸ್ಕೇಲ್ ನುಡಿಸುತ್ತಿದ್ದಾಳೆ ಎಂಬುದು ಅದಕ್ಕೆ ತಿಳಿಯದು. ತಯಾರಿಸಿದವರು ಆ ಲೆಕ್ಕಕ್ಕೆ ಯಾವ ಹೆಸರು ಅಂಟಿಸಿದ್ದಾರೋ ಅದನ್ನೇ ಹೇಳುತ್ತದೆ.

ಮೇಜರ್ ಮತ್ತು ಮೈನರ್ ಸ್ಕೇಲುಗಳಲ್ಲಿ ಏಳು ಅಕ್ಷರಗಳೂ ಬರಬೇಕು, ಯಾವುದೂ ಎರಡು ಸಲ ಬರಬಾರದು. ಎಫ್, ಜಿ, ಎ ಆದ ಮೇಲೆ ಬಿಯ ಸರದಿ. ಅದು ಅರ್ಧ ಮನೆ ಕೆಳಗಿರಬೇಕಾದ್ದರಿಂದ ಬಿ ಫ್ಲ್ಯಾಟ್. ನಂತರ ಸಿ, ಡಿ, ಇ. ಎ ಶಾರ್ಪ್ ಎಂದು ಬರೆದರೆ ಎ ಎರಡು ಸಲ ಬಂದು ಬಿ ಕಾಣೆಯಾಗುತ್ತದೆ. ಸ್ಟಾಫಿನ (ಸ್ವರ ಬರೆಯುವ ಐದು ಗೆರೆಗಳ) ಮೇಲೆ ಇದರ ತೊಂದರೆ ಕಣ್ಣಿಗೇ ಕಾಣುತ್ತದೆ: ಎ ಮತ್ತು ಎ ಶಾರ್ಪ್ ಎರಡೂ ಒಂದೇ ಸ್ಥಳದಲ್ಲಿ ಕೂರುವುದರಿಂದ ಪ್ರತಿ ಸಲವೂ ಶಾರ್ಪ್ ಹಾಕಬೇಕು, ಮತ್ತೆ ನ್ಯಾಚುರಲ್ ಹಾಕಿ ಅದನ್ನು ತೆಗೆಯಬೇಕು. ಬಿಯ ಗೆರೆ ಮಾತ್ರ ಖಾಲಿ. ಬಿ ಫ್ಲ್ಯಾಟ್ ಎಂದರೆ ಸಾಲಿನ ಆರಂಭದಲ್ಲಿ ಒಂದೇ ಒಂದು ಗುರುತು ಸಾಕು.

ಕರ್ನಾಟಕ ಸಂಗೀತ ಕಲಿತವರಿಗೆ ಇದು ಹೊಸ ವಿಷಯವಲ್ಲ. 17ನೆಯ ಶತಮಾನದಲ್ಲಿ ವೆಂಕಟಮಖಿ ರೂಪಿಸಿದ 72 ಮೇಳಗಳ (ಏಳು ಸ್ವರಗಳ ಮೂಲ ರಾಗಗಳ) ವ್ಯವಸ್ಥೆ ನಿಂತಿರುವುದೂ ಇದೇ ನಿಯಮದ ಮೇಲೆ. ಸ್ಥಾನಗಳು 12, ಹೆಸರುಗಳು 16. ಚತುಶ್ರುತಿ ರಿಷಭ ಮತ್ತು ಶುದ್ಧ ಗಾಂಧಾರ ಒಂದೇ ಸ್ಥಾನ. ಷಟ್‌ಶ್ರುತಿ ರಿಷಭ ಮತ್ತು ಸಾಧಾರಣ ಗಾಂಧಾರವೂ ಒಂದೇ ಸ್ಥಾನ. ಸಿಯನ್ನು ಷಡ್ಜ ಮಾಡಿಕೊಂಡು ಖರಹರಪ್ರಿಯ ನುಡಿಸಿ: ಡಿ ಆಗಲೇ ರಿ ಆಗಿರುವುದರಿಂದ ಅದರ ಮುಂದಿನ ಕಪ್ಪು ಮನೆ ಗ, ಅಂದರೆ ಇ ಫ್ಲ್ಯಾಟ್. ಈಗ ನಾಟ ನುಡಿಸಿ: ಗಾಂಧಾರದ ಜಾಗದಲ್ಲಿ ಇ ಇರುವುದರಿಂದ ಅದೇ ಕಪ್ಪು ಮನೆ ರಿ, ಅಂದರೆ ಡಿ ಶಾರ್ಪ್. ಬೆರಳು ಒತ್ತುವುದು ಒಂದೇ ಮನೆ, ಅದು ಮಾಡುವ ಕೆಲಸ ಬೇರೆ.

ಮೊದಲ ಮೇಳ ಕನಕಾಂಗಿಯನ್ನು ಹೀಗೆಯೇ ಬರೆದರೆ ಸಿ, ಡಿ ಫ್ಲ್ಯಾಟ್, ಇ ಡಬಲ್ ಫ್ಲ್ಯಾಟ್, ಎಫ್, ಜಿ, ಎ ಫ್ಲ್ಯಾಟ್, ಬಿ ಡಬಲ್ ಫ್ಲ್ಯಾಟ್ ಬರುತ್ತದೆ. ಡಬಲ್ ಫ್ಲ್ಯಾಟ್ ಕಂಡು ಹೆದರುವ ಪಿಯಾನೊ ವಿದ್ಯಾರ್ಥಿಗಳಿಗೆ ನಾನು ಮೊದಲು ತೋರಿಸುವುದೇ ಇದನ್ನು.

ಪ್ರಶ್ನೆ, ಮೈಸೂರಿನಿಂದ: ನನ್ನದು ಐದೂವರೆ ಮನೆ ಶ್ರುತಿ. ಎಲ್ಲರೂ ಜಿ ಶಾರ್ಪ್ ಎನ್ನುತ್ತಾರೆ, ತಂಬೂರಿ ಆ್ಯಪಿನಲ್ಲೂ ಹಾಗೆಯೇ ಇದೆ. ಮೊನ್ನೆ ವಾದ್ಯಗೋಷ್ಠಿಯ ಕೀಬೋರ್ಡ್ ವಾದಕರು ನನ್ನ ಹಾಡಿನ ಹಾಳೆಯ ಮೇಲೆ ಎ ಫ್ಲ್ಯಾಟ್ ಎಂದು ಬರೆದುಕೊಂಡರು. ಅವರು ತಪ್ಪಿದರೇ?

ಉತ್ತರ: ಇಲ್ಲ. ಶ್ರುತಿಯ ಹೆಸರೆಂದರೆ ಒಂದೇ ಒಂದು ಸ್ವರದ ಹೆಸರು. ಅಲ್ಲಿ ಯಾವುದನ್ನು ಹೇಳಿದರೂ ನಡೆಯುತ್ತದೆ. ಯಕ್ಷಗಾನದ ಭಾಗವತರು ‘ಕಪ್ಪು ನಾಲ್ಕು’ ಎಂದು ಹೇಳಿ ಈ ಜಗಳದಿಂದಲೇ ಪಾರಾಗಿದ್ದಾರೆ. ಪೂರ್ತಿ ಸ್ಕೇಲನ್ನು ಬರೆಯಲು ಹೊರಟಾಗ ಮಾತ್ರ ವ್ಯತ್ಯಾಸ ಬೀಳುತ್ತದೆ.

ಜಿ ಶಾರ್ಪ್ ಮೇಜರ್ ಬರೆದು ನೋಡಿ: ಜಿ ಶಾರ್ಪ್, ಎ ಶಾರ್ಪ್, ಬಿ ಶಾರ್ಪ್, ಸಿ ಶಾರ್ಪ್, ಡಿ ಶಾರ್ಪ್, ಇ ಶಾರ್ಪ್, ಕೊನೆಗೆ ಎಫ್ ಡಬಲ್ ಶಾರ್ಪ್. ಒಟ್ಟು 8 ಶಾರ್ಪ್. ಅದೇ ಎ ಫ್ಲ್ಯಾಟ್ ಮೇಜರಿಗೆ 4 ಫ್ಲ್ಯಾಟ್. ಒಂದೇ ಮನೆಯ ಎರಡು ಹೆಸರುಗಳ ಲೆಕ್ಕ ಕೂಡಿಸಿದರೆ ಯಾವಾಗಲೂ 12 ಬರುತ್ತದೆ. ಕಡಿಮೆ ಇರುವುದನ್ನು ಆರಿಸಿಕೊಳ್ಳಿ. ಡಿ ಫ್ಲ್ಯಾಟಿಗೆ 5, ಸಿ ಶಾರ್ಪಿಗೆ 7. ಇ ಫ್ಲ್ಯಾಟಿಗೆ 3, ಡಿ ಶಾರ್ಪಿಗೆ 9. ಎಫ್ ಶಾರ್ಪಿಗೂ ಜಿ ಫ್ಲ್ಯಾಟಿಗೂ ತಲಾ 6, ಅಲ್ಲಿ ನಿಮ್ಮಿಷ್ಟ.

ಇದು ಮೇಜರ್ ಸ್ಕೇಲಿನ ಮಾತು. ಮೈನರಿಗೆ ಬಂದರೆ ಲೆಕ್ಕ ತಿರುಗುತ್ತದೆ. ಎ ಫ್ಲ್ಯಾಟ್ ಮೈನರಿಗೆ 7 ಫ್ಲ್ಯಾಟ್, ಜಿ ಶಾರ್ಪ್ ಮೈನರಿಗೆ 5 ಶಾರ್ಪ್. ಆದ್ದರಿಂದ ನಿಮ್ಮ ಐದೂವರೆ ಮನೆಯಲ್ಲಿ ಶಂಕರಾಭರಣ (ಮೇಜರ್ ಸ್ಕೇಲಿನ ಸ್ವರಗಳೇ) ಬರೆಯಬೇಕಾದರೆ ಎ ಫ್ಲ್ಯಾಟ್, ನಟಭೈರವಿ (ಮೈನರ್ ಸ್ಕೇಲಿನವು) ಬರೆಯಬೇಕಾದರೆ ಜಿ ಶಾರ್ಪ್! ಪಾಶ್ಚಾತ್ಯ ಸಂಗೀತದ ದೊಡ್ಡವರೂ ಇದನ್ನೇ ಮಾಡಿದ್ದಾರೆ. ಶೋಪಾನ್‌ನ 28ನೆಯ ಓಪಸ್‌ನ 15ನೆಯ ಪ್ರೆಲ್ಯೂಡ್ ಡಿ ಫ್ಲ್ಯಾಟ್ ಮೇಜರಿನಲ್ಲಿ ಆರಂಭವಾಗಿ, ನಡುವೆ ಅದೇ ಕಪ್ಪು ಮನೆಯ ಮೇಲೆ ಮೈನರಿಗೆ ಹೊರಳುತ್ತದೆ. ಆದರೆ ಆ ಭಾಗವನ್ನು ಅವನು ಬರೆದದ್ದು ಸಿ ಶಾರ್ಪ್ ಮೈನರಿನಲ್ಲಿ. ಡಿ ಫ್ಲ್ಯಾಟ್ ಮೈನರ್ ಎಂದಿದ್ದರೆ 8 ಫ್ಲ್ಯಾಟ್ ಬೇಕಾಗುತ್ತಿತ್ತು. ತಲಾ 6 ಬರುವ ಕಡೆ ಬಾಖ್ ಎರಡನ್ನೂ ಬಳಸಿಬಿಟ್ಟ: 1722ರ ‘ವೆಲ್ ಟೆಂಪರ್ಡ್ ಕ್ಲೇವಿಯರ್’ ಸಂಗ್ರಹದ ಎಂಟನೆಯ ಜೋಡಿಯಲ್ಲಿ ಪ್ರೆಲ್ಯೂಡ್ ಇ ಫ್ಲ್ಯಾಟ್ ಮೈನರ್, ಅದರ ಫ್ಯೂಗ್ ಡಿ ಶಾರ್ಪ್ ಮೈನರ್.

ಪ್ರಶ್ನೆ, ಬೆಂಗಳೂರಿನಿಂದ: ಒಂದು ಸ್ಕೇಲಿನಲ್ಲಿ ಶಾರ್ಪ್ ಮತ್ತು ಫ್ಲ್ಯಾಟ್ ಬೆರೆಸಬಾರದು ಎಂದು ಓದಿದ್ದೇನೆ. ನಿಜವೇ?

ಉತ್ತರ: ಮೇಜರ್ ಸ್ಕೇಲುಗಳ ಮಟ್ಟಿಗೆ ನಿಜ, ಎಲ್ಲ ಕಡೆಗೂ ಅಲ್ಲ. ನಾವೆಲ್ಲ ಸರಳೆ ವರಸೆ ಕಲಿತ ಮಾಯಾಮಾಳವಗೌಳವನ್ನೇ ಎರಡು ಮನೆ ಶ್ರುತಿಯಲ್ಲಿ ಬರೆಯಿರಿ: ಡಿ, ಇ ಫ್ಲ್ಯಾಟ್, ಎಫ್ ಶಾರ್ಪ್, ಜಿ, ಎ, ಬಿ ಫ್ಲ್ಯಾಟ್, ಸಿ ಶಾರ್ಪ್. ಎರಡು ಶಾರ್ಪ್, ಎರಡು ಫ್ಲ್ಯಾಟ್, ಏಳು ಅಕ್ಷರ. ಬೆರೆಸಬಾರದೆಂದು ಹಟ ಹಿಡಿದು ಇ ಫ್ಲ್ಯಾಟನ್ನು ಡಿ ಶಾರ್ಪ್ ಮಾಡಿದರೆ ರಿಷಭವೇ ಹೋಗಿ ಷಡ್ಜ ಎರಡಾಗುತ್ತದೆ. ಡಿ ಹಾರ್ಮೋನಿಕ್ ಮೈನರಿನಲ್ಲೂ (ನಮ್ಮ ಕೀರವಾಣಿಯ ಸ್ವರಗಳೇ) ಬಿ ಫ್ಲ್ಯಾಟ್ ಮತ್ತು ಸಿ ಶಾರ್ಪ್ ಪಕ್ಕಪಕ್ಕದಲ್ಲೇ ಇವೆ.

ಪ್ರಶ್ನೆ, ಅದೇ ಸದಸ್ಯರಿಂದ: ಹಾಗಾದರೆ ಕಾರ್ಡುಗಳಿಗೆ?

ಉತ್ತರ: ಕಾರ್ಡಿನಲ್ಲಿ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನಲ್ಲಿ, ಒಂದು ಅಕ್ಷರ ಬಿಟ್ಟು ಒಂದು. ಸಿ ಇಂದ ಹೊರಟರೆ ಸಿ, ಇ, ಜಿ, ಬಿ. ಆದ್ದರಿಂದ ಸಿ ಮೈನರ್ ಎಂದರೆ ಸಿ, ಇ ಫ್ಲ್ಯಾಟ್, ಜಿ. ಅಲ್ಲಿ ಡಿ ಶಾರ್ಪ್ ಬರುವಂತಿಲ್ಲ. ಸಿ ಸೆವೆಂತ್‌ನಲ್ಲಿ ಬಿ ಫ್ಲ್ಯಾಟ್. ಇ ಸೆವೆಂತ್ ಎಂದರೆ ಇ, ಜಿ ಶಾರ್ಪ್, ಬಿ, ಡಿ. ಎ ಮೈನರ್ ಹಾಡಿನ ಆರಂಭದಲ್ಲಿ ಯಾವ ಗುರುತೂ ಇಲ್ಲದಿದ್ದರೂ ಅದು ಜಿ ಶಾರ್ಪೇ. ಎ ಷಡ್ಜವಾದರೆ ಅದು ಕೀರವಾಣಿಯ ಕಾಕಲಿ ನಿಷಾದ, ಮೇಲಿನ ಎಗೆ ಹೋಗಿ ಮುಟ್ಟುವ ಸ್ವರ.

ಈ ‘ಎಲ್ಲಿಗೆ ಹೋಗುತ್ತದೆ’ ಎಂಬ ಭಾಗ ನನಗೆ ಬಹಳ ಪ್ರಿಯ. ಎ ಫ್ಲ್ಯಾಟ್, ಸಿ, ಇ ಫ್ಲ್ಯಾಟ್ ಜೊತೆಗೆ ಇನ್ನೊಂದು ಕಪ್ಪು ಮನೆ ಒತ್ತಿ. ಅದನ್ನು ಜಿ ಫ್ಲ್ಯಾಟ್ ಎಂದು ಬರೆದರೆ ಇದು ಎ ಫ್ಲ್ಯಾಟ್ ಸೆವೆಂತ್, ಕಿವಿ ಡಿ ಫ್ಲ್ಯಾಟನ್ನು ಎದುರು ನೋಡುತ್ತದೆ. ಎಫ್ ಶಾರ್ಪ್ ಎಂದು ಬರೆದರೆ ಇದಕ್ಕೆ ಜರ್ಮನ್ ಸಿಕ್ಸ್ತ್ ಎಂಬ ಹೆಸರು: ಎ ಫ್ಲ್ಯಾಟ್ ಕೆಳಗಿಳಿದು, ಎಫ್ ಶಾರ್ಪ್ ಮೇಲೇರಿ, ಎರಡೂ ಜಿಯಲ್ಲಿ ಸೇರುತ್ತವೆ. ನಾಲ್ಕೂ ಮನೆಗಳು ಅವೇ. ನುಡಿಸುವವರಿಗೆ ಮುಂದಿನ ತಿರುವು ತಿಳಿಯುವುದು ಬರೆದ ಹೆಸರಿನಿಂದಲೇ.

ಪ್ರಶ್ನೆ, ಹುಬ್ಬಳ್ಳಿಯ ಗಿಟಾರ್ ವಾದಕರಿಂದ: ಕ್ಷಮಿಸಿ ಮೇಡಂ, ಇದು ಮಡಿವಂತಿಕೆ ಎನಿಸುತ್ತದೆ. ನಾನು ಎಲ್ಲವನ್ನೂ ಶಾರ್ಪಿನಲ್ಲೇ ಬರೆದುಕೊಳ್ಳುತ್ತೇನೆ, ಕಾರ್ಯಕ್ರಮ ನಿಂತಿಲ್ಲ.

ಉತ್ತರ: ನಿಮ್ಮ ಹಾಳೆಯನ್ನು ನೀವೊಬ್ಬರೇ ಓದುವುದಾದರೆ ನನ್ನ ಆಕ್ಷೇಪವಿಲ್ಲ. ಗಿಟಾರಿನ ತೆರೆದ ತಂತಿಗಳಿಗೆ ಜಿ, ಡಿ, ಎ, ಇ ಸುಲಭವಾದ್ದರಿಂದ ನಿಮಗೆ ಶಾರ್ಪಿನ ಬಳಕೆಯೇ ಹೆಚ್ಚು. ಆದರೆ ನಿಮ್ಮ ಪಕ್ಕದಲ್ಲಿ ಟ್ರಂಪೆಟ್ ಇದ್ದರೆ? ಸಾಮಾನ್ಯ ಬಿ ಫ್ಲ್ಯಾಟ್ ಟ್ರಂಪೆಟಿಗೆ ಎಲ್ಲವನ್ನೂ ಒಂದು ಪೂರ್ಣ ಮನೆ ಮೇಲೆ ಬರೆಯಬೇಕು. ನಿಮಗೆ ಹಾಯೆನಿಸುವ ಇ ಮೇಜರ್ ಅವರಿಗೆ 6 ಶಾರ್ಪಿನ ಎಫ್ ಶಾರ್ಪ್ ಮೇಜರ್. ಇ ಫ್ಲ್ಯಾಟ್ ಕೊಟ್ಟರೆ ಒಂದೇ ಫ್ಲ್ಯಾಟಿನ ಎಫ್ ಮೇಜರ್. ಊದುವವರು ಫ್ಲ್ಯಾಟ್ ಕೇಳುವುದಕ್ಕೆ ಕಾರಣ ಇದೇ.

ಇನ್ನು ಮಡಿವಂತಿಕೆಯ ವಿಷಯ. ಸಿ ಡಿಮಿನಿಶ್ಡ್ ಸೆವೆಂತ್‌ನಲ್ಲಿ ಶಾಸ್ತ್ರದ ಪ್ರಕಾರ ಬಿ ಡಬಲ್ ಫ್ಲ್ಯಾಟ್ ಬರಬೇಕು. ಕಾರ್ಡ್ ಹಾಳೆಗಳಲ್ಲಿ ಹೆಚ್ಚಿನವರು ಎ ಎಂದೇ ಬರೆಯುತ್ತಾರೆ, ನಾನೂ ಹಾಗೆಯೇ. ಅರ್ಧರ್ಧ ಮನೆ ಏರುವಾಗ ಶಾರ್ಪ್, ಇಳಿಯುವಾಗ ಫ್ಲ್ಯಾಟ್ ಬರೆದರೆ ನ್ಯಾಚುರಲ್ ಗುರುತುಗಳು ಕಡಿಮೆಯಾಗುತ್ತವೆ, ಅಷ್ಟೇ. ಆದರೆ ಎಫ್ ಮೇಜರಿನ ಹಾಡಿನಲ್ಲಿ ಎಫ್, ಎ ಶಾರ್ಪ್, ಸಿ ಎಂದು ಕಾರ್ಡ್ ಬರೆದು ಇನ್ನೊಬ್ಬರ ಕೈಗೆ ಕೊಡಬೇಡಿ.

ಪ್ರಶ್ನೆ, ಧಾರವಾಡದಿಂದ: ನಾವು ಹಾರ್ಮೋನಿಯಂ ಮೇಲೆ ಕೋಮಲ, ತೀವ್ರ ಎನ್ನುತ್ತೇವೆ. ಲಲಿತ್ ರಾಗದಲ್ಲಿ ಎರಡೂ ಮಧ್ಯಮ ಒಟ್ಟಿಗೆ ಬರುತ್ತವೆ, ಪಂಚಮವೇ ಇಲ್ಲ. ನಿಮ್ಮ ಏಳು ಅಕ್ಷರದ ನಿಯಮ ಅಲ್ಲಿ ಏನಾಗುತ್ತದೆ?

ಉತ್ತರ: ಅಲ್ಲಿ ಸೋಲುತ್ತದೆ, ಸೋಲಬೇಕಾದದ್ದೇ. ಹಿಂದೂಸ್ತಾನಿಯಲ್ಲಿ ರೆ, ಗ, ಧ, ನಿ ಕೋಮಲವಾಗುತ್ತವೆ, ಮ ಒಂದೇ ತೀವ್ರವಾಗುತ್ತದೆ. ಸಿ ಷಡ್ಜವಾದರೆ ಕಪ್ಪು ಮನೆಗಳಿಗೆ ಡಿ ಫ್ಲ್ಯಾಟ್, ಇ ಫ್ಲ್ಯಾಟ್, ಎಫ್ ಶಾರ್ಪ್, ಎ ಫ್ಲ್ಯಾಟ್, ಬಿ ಫ್ಲ್ಯಾಟ್ ಎಂಬ ಹೆಸರುಗಳು ತಾವಾಗಿಯೇ ನಿಲ್ಲುತ್ತವೆ. ಲಲಿತ್‌ನಲ್ಲಿ ಅಕ್ಷರ ತುಂಬಿಸಲೆಂದು ತೀವ್ರ ಮಧ್ಯಮವನ್ನು ಜಿ ಫ್ಲ್ಯಾಟ್ ಮಾಡಿದರೆ ಇಲ್ಲದ ಪಂಚಮವನ್ನು ಕರೆತಂದಂತೆ. ಎಫ್, ಎಫ್ ಶಾರ್ಪ್ ಎಂದೇ ಬರೆಯಿರಿ.

ಪ್ರಶ್ನೆ, ಪಿಟೀಲು ಕಲಿಯುವವರಿಂದ: ಎರಡೂ ನಿಜವಾಗಿ ಒಂದೇ ನಾದವೇ?

ಉತ್ತರ: ಇಂದಿನ ಕೀಬೋರ್ಡಿನಲ್ಲಿ ಹೌದು, ಅರ್ಧ ಮನೆಗೆ 100 ಸೆಂಟಿನಂತೆ ಸಮನಾಗಿ ಹಂಚಿರುವುದರಿಂದ. ಯುರೋಪಿನಲ್ಲಿ ಹಿಂದೆ ವಾದ್ಯಗಳಿಗೆ ಶ್ರುತಿ ಮಾಡುತ್ತಿದ್ದ ಕ್ವಾರ್ಟರ್ ಕಾಮಾ ಮೀನ್‌ಟೋನ್ ಎಂಬ ಕ್ರಮದಲ್ಲಿ ಎ ಫ್ಲ್ಯಾಟ್ ಜಿ ಶಾರ್ಪಿಗಿಂತ ಸುಮಾರು 41 ಸೆಂಟ್ ಮೇಲಿತ್ತು. ಎರಡೂ ಸಿಗಲೆಂದು ಕೆಲವು ವಾದ್ಯಗಳಲ್ಲಿ ಕಪ್ಪು ಮನೆಯನ್ನೇ ಸೀಳಿ ಎರಡು ಮಾಡಿದ್ದರು. ಪಿಟೀಲಿಗೆ ಮನೆಗಳೇ ಇಲ್ಲ. ನಿಮ್ಮ ಗುರುಗಳು ಹೇಳಿದ ಜಾಗದಲ್ಲಿ ಬೆರಳಿಡಿ.

ಪ್ರಶ್ನೆ, ಹಾಸನದಿಂದ: ಮಗಳು ಕೇಳುತ್ತಿದ್ದಾಳೆ, ಇ ಶಾರ್ಪ್ ಎಂಬುದು ಎಲ್ಲಾದರೂ ಬರುತ್ತದೆಯೇ? ಅದು ಎಫ್ ಅಲ್ಲವೇ?

ಉತ್ತರ: ನಾಲ್ಕೂವರೆ ಮನೆಯಲ್ಲಿ, ಅಂದರೆ ಎಫ್ ಶಾರ್ಪಿನಲ್ಲಿ, ಕೀರವಾಣಿ ಬರೆಯಲು ಹೇಳಿ. ಎಫ್ ಶಾರ್ಪ್, ಜಿ ಶಾರ್ಪ್, ಎ, ಬಿ, ಸಿ ಶಾರ್ಪ್, ಡಿ ಆದ ಮೇಲೆ ನಿಷಾದಕ್ಕೆ ಯಾವ ಅಕ್ಷರ ಉಳಿದಿದೆ ಎಂದು ಅವಳೇ ನೋಡಲಿ.