ತುಂಗಭದ್ರೆಯಲ್ಲಿ ಗೆಳೆಯರೊಡನೆ ಕಯಾಕ್: ವಿಹಾರ ಮತ್ತು ತರಬೇತಿಯನ್ನು ಒಟ್ಟಿಗೆ ನಡೆಸಬಹುದೇ?

ಪ್ರಶ್ನೆ: ಗಂಗಾವತಿಯ ಹುಟ್ಟುಗಾರ

ಎಲ್ಲರಿಗೂ ನಮಸ್ಕಾರ. ನಾವು ಗಂಗಾವತಿಯ ನಾಲ್ವರು ಗೆಳೆಯರು ಎರಡು ವರ್ಷಗಳಿಂದ ಪ್ರತಿ ಭಾನುವಾರ ಆನೆಗೊಂದಿಯ ಸುತ್ತಮುತ್ತ ತುಂಗಭದ್ರಾ ನದಿಯಲ್ಲಿ ಕಯಾಕ್ ನಡೆಸುತ್ತಿದ್ದೇವೆ. ನಮ್ಮಲ್ಲಿ ಇಬ್ಬರು ಕೂರುವ ಒಂದು ದೋಣಿಯೂ ಒಬ್ಬರೇ ಕೂರುವ ಎರಡು ದೋಣಿಗಳೂ ಇವೆ. ಮೂರೂ ಅಗಲವಾದ, ಮೇಲೆ ಕುಳಿತು ನಡೆಸುವ ಪ್ಲಾಸ್ಟಿಕ್ ಕಯಾಕ್‌ಗಳು. ಬೆಳಕು ಹರಿಯುತ್ತಲೇ ನೀರಿಗಿಳಿದು, ಎರಡು ತಾಸು ಹುಟ್ಟು ಹಾಕಿ, ದಡಕ್ಕೆ ಬಂದು ಒಗ್ಗರಣೆ ಮಿರ್ಚಿ ತಿಂದು ಮನೆಗೆ ಮರಳುವುದು ನಮ್ಮ ಪದ್ಧತಿ.

ಮೊದಲ ವರ್ಷ ಎಲ್ಲವೂ ಸರಿಯಾಗಿತ್ತು. ಈಚೆಗೆ ನಮ್ಮಲ್ಲೊಬ್ಬನಿಗೆ, ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಗಟ್ಟಿ ಆಳು, ಇದನ್ನು ಕ್ರೀಡೆಯಾಗಿಯೇ ಅಭ್ಯಾಸ ಮಾಡಬೇಕೆಂಬ ಹಂಬಲ ಹುಟ್ಟಿದೆ. ವೇಗ ಹೆಚ್ಚಬೇಕು, ದೂರ ಹೆಚ್ಚಬೇಕು, ಗಡಿಯಾರ ನೋಡಿ ಹುಟ್ಟು ಹಾಕಬೇಕು ಎನ್ನುತ್ತಾನೆ. ನನಗೂ ನನ್ನ ತಮ್ಮನಿಗೂ ಇಬ್ಬರ ದೋಣಿಯಲ್ಲಿ ಮಾತನಾಡುತ್ತ, ಬಂಡೆಗಳ ನಡುವೆ ಕೊಕ್ಕರೆಗಳನ್ನು ನೋಡುತ್ತ ಸಾಗುವುದೇ ಇಷ್ಟ. ನಾಲ್ಕನೆಯವನು ಎರಡೂ ಕಡೆಗೆ ಒಪ್ಪುವವನು.

ಕಳೆದ ಕಾರ್ತಿಕ ಮಾಸದಲ್ಲಿ ನಡೆದ ಒಂದು ಘಟನೆಯಿಂದಾಗಿ ಈ ಪ್ರಶ್ನೆ ಕೇಳುತ್ತಿದ್ದೇನೆ. ಅಂದು ಆ ಗೆಳೆಯ ನಮ್ಮನ್ನು ಹಿಂದೆ ಬಿಟ್ಟು ದೊಡ್ಡ ಬಂಡೆಯೊಂದರ ಆಚೆಗೆ ಹೋಗಿ ಕಣ್ಮರೆಯಾದ. ಅಲ್ಲಿಂದ ಸ್ವಲ್ಪ ಕೆಳಗೆ ಹಳೆಯ ಒಡ್ಡೊಂದಿದ್ದು, ಅದರ ಕಡೆಗೆ ಸೆಳವು ಅವನ ದೋಣಿಯನ್ನು ಎಳೆದುಕೊಂಡಿದೆ. ತಿರುಗಿಸಲು ಹೋದಾಗ ದೋಣಿ ಅಡ್ಡಲಾಗಿ ನಿಂತು, ದಡದಿಂದ ಬಾಗಿದ್ದ ಜಾಲಿಯ ಕೊಂಬೆಗೆ ಸಿಕ್ಕು ಮಗುಚಿದೆ. ಅವನು ಕೊಂಬೆಯನ್ನೇ ಹಿಡಿದು ಜೋತಾಡುತ್ತಿದ್ದಾಗ ಬಲೆ ಎತ್ತಲು ಬಂದಿದ್ದ ಮೀನುಗಾರರೊಬ್ಬರು ಹರಿಗೋಲಿಗೆ ಎಳೆದುಕೊಂಡರು. ನಾವು ಅಲ್ಲಿಗೆ ತಲುಪಿದ್ದು ಆರೇಳು ನಿಮಿಷಗಳ ಮೇಲೆ. ಅವನ ಲೈಫ್ ಜಾಕೆಟ್ ಆಸನದ ಹಿಂದೆ ಕಟ್ಟಿದಂತೆಯೇ ಇತ್ತು. ಅದರ ಮೇಲೆ ಒಂದು ಹನಿ ನೀರೂ ಬಿದ್ದಿರಲಿಲ್ಲ ಎಂಬಷ್ಟು ಬಿಗಿಯಾಗಿ ಚೀಲದೊಳಗಿತ್ತು. ಅದನ್ನು ನೋಡಿದಾಗ ನನ್ನ ಕೈಕಾಲು ತಣ್ಣಗಾದವು.

ಗೆಳೆತನವನ್ನೂ ಬಿಡದೆ, ಅವನ ಅಭ್ಯಾಸಕ್ಕೂ ಅಡ್ಡಿಯಾಗದೆ ಈ ಎರಡನ್ನೂ ನಡೆಸುವ ದಾರಿ ಯಾವುದು? ನದಿಗಿಳಿಯಬಹುದಾದ ದಿನ ಯಾವುದು, ಇಳಿಯಬಾರದ ದಿನ ಯಾವುದು ಎಂಬುದನ್ನು ಯಾವ ಆಧಾರದಿಂದ ತೀರ್ಮಾನಿಸಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ಮುನಿರಾಬಾದ್ ದಂಡೆ

ನಿಮ್ಮ ಗೆಳೆಯ ಉಳಿದದ್ದು ದೊಡ್ಡ ಪುಣ್ಯ. ನಾನು ಹನ್ನೆರಡು ವರ್ಷಗಳಿಂದ ಹುಟ್ಟು ಹಾಕುತ್ತಿದ್ದೇನೆ; ನಿಮ್ಮ ಸ್ಥಿತಿಯನ್ನು ನಮ್ಮ ಗುಂಪೂ ಕಂಡಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ವೇಗದ ಅಭ್ಯಾಸ ನಿಂತ ನೀರಿನಲ್ಲಿ ನಡೆಯಲಿ, ನದಿಯಲ್ಲಿ ಗುಂಪಾಗಿ ಹೋದ ದಿನ ಎಲ್ಲರಿಗಿಂತ ನಿಧಾನವಾಗಿ ಸಾಗುವವರ ವೇಗವೇ ಎಲ್ಲರ ವೇಗವಾಗಲಿ.

ಹರಿಯುವ ನೀರಿನಲ್ಲಿ ಗಡಿಯಾರ ನೋಡಿ ಪ್ರಯೋಜನವಿಲ್ಲ. ಕೆಳಮುಖವಾಗಿ ಹೋದಾಗ ಸಿಕ್ಕ ವೇಗದಲ್ಲಿ ನದಿಯ ಪಾಲೆಷ್ಟು, ತೋಳಿನ ಪಾಲೆಷ್ಟು ಎಂದು ತಿಳಿಯುವುದಿಲ್ಲ. ಅನುಮತಿಯಿರುವ ಕೆರೆಯೊಂದರಲ್ಲಿ, ಗಾಳಿ ಏಳುವ ಮುನ್ನ, ಹತ್ತು ನಿಮಿಷ ನಿಧಾನವಾಗಿ ಹುಟ್ಟು ಹಾಕಿ ಮೈ ಕಾಯಿಸಿಕೊಂಡು, ಬಳಿಕ ಒಂದು ನಿಮಿಷ ಬಿರುಸಾಗಿ, ಎರಡು ನಿಮಿಷ ಹಗುರವಾಗಿ, ಹೀಗೆ ಎಂಟು ಸುತ್ತು ಮಾಡಿದರೆ ವಾರಕ್ಕೆರಡು ದಿನವೇ ಧಾರಾಳ. ಕಾಲುವೆಯಲ್ಲಿ ಮಾತ್ರ ಎಂದೂ ಇಳಿಯಬೇಡಿ. ನೋಡಲು ನೇರವಾಗಿ, ನುಣ್ಣಗೆ ಕಾಣುವ ಎಡದಂಡೆ ಕಾಲುವೆಯ ಪಕ್ಕಗಳು ಹತ್ತಲಾರದಷ್ಟು ಜಾರುತ್ತವೆ, ಮುಂದೆ ತೂಬು ಎದುರಾದರೆ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ.

ನಿಮ್ಮ ಗೆಳೆಯ ಸ್ಪರ್ಧೆಯ ದಾರಿ ಹಿಡಿಯುವುದಾದರೆ ಒಂದು ಮಾತು ತಿಳಿದಿರಲಿ. ಅಂತರರಾಷ್ಟ್ರೀಯ ಸ್ಪ್ರಿಂಟ್ (ವೇಗದ ಓಟದ) ಸ್ಪರ್ಧೆಯ ಒಬ್ಬರ ಕಯಾಕ್ ಗರಿಷ್ಠ 520 ಸೆಂಟಿಮೀಟರ್ ಉದ್ದ, ಕನಿಷ್ಠ 12 ಕಿಲೋ ತೂಕದ, ಕುಳಿತರೆ ಓಲಾಡುವಷ್ಟು ಕಿರಿದಾದ ದೋಣಿ. ನಿಮ್ಮ ಅಗಲವಾದ ದೋಣಿಯನ್ನು ಎಷ್ಟು ಬಲ ಹಾಕಿ ತಳ್ಳಿದರೂ ಒಂದು ಮಿತಿಯ ಮೇಲೆ ಅದು ಮೂತಿಯಿಂದ ಅಲೆ ಎಬ್ಬಿಸುತ್ತದೆಯೇ ಹೊರತು ಮುಂದೆ ಓಡುವುದಿಲ್ಲ. ಆದ್ದರಿಂದ ಸದ್ಯಕ್ಕೆ ಅವನು ಬಲಕ್ಕಿಂತ ಹುಟ್ಟು ಹಾಕುವ ಕ್ರಮವನ್ನು ತಿದ್ದಿಕೊಳ್ಳಲಿ. ಹುಟ್ಟಿನ ಎಲೆ ಪಾದದ ಹತ್ತಿರ ಪೂರ್ತಿಯಾಗಿ ಮುಳುಗಬೇಕು, ಸೊಂಟದ ನೇರಕ್ಕೆ ಬರುತ್ತಲೇ ನೀರಿನಿಂದ ಹೊರಬರಬೇಕು. ಎಳೆಯುವ ಕೆಲಸ ಮುಂಡ ತಿರುಗುವುದರಿಂದ ಆಗಬೇಕು. ಸರಿಯಾಗಿ ಹಾಕಿದ್ದರೆ ತಾಸಿನ ಬಳಿಕ ನೋಯುವುದು ರಟ್ಟೆಯಲ್ಲ, ಪಕ್ಕೆ ಮತ್ತು ಬೆನ್ನು. 30 ಇಂಚಿನಷ್ಟು ಅಗಲದ ದೋಣಿಗೆ 230ರಿಂದ 240 ಸೆಂಟಿಮೀಟರ್ ಉದ್ದದ ಹುಟ್ಟು ಬೇಕು. ಚಿಕ್ಕದಾದರೆ ಗೆಣ್ಣು ದೋಣಿಯ ಅಂಚಿಗೆ ಬಡಿಯುತ್ತದೆ.

ಇದೆಲ್ಲಕ್ಕೂ ಮೊದಲು ಮಗುಚಿ ಬೀಳುವುದನ್ನು ಕಲಿಯಿರಿ. ಕೆರೆಯಲ್ಲಿ, ಎದೆಮಟ್ಟಕ್ಕಿಂತ ತುಸು ಹೆಚ್ಚು ನೀರಿರುವ ಕಡೆ, ಲೈಫ್ ಜಾಕೆಟ್ ತೊಟ್ಟು, ಬೇಕೆಂದೇ ದೋಣಿಯನ್ನು ಮಗುಚಿಸಿ. ತಳದ ಮೇಲಿಂದ ಕೈಚಾಚಿ ಆಚೆಯ ಅಂಚನ್ನು ಹಿಡಿದು ಹಿಂದಕ್ಕೆ ವಾಲಿದರೆ ದೋಣಿ ನೆಟ್ಟಗಾಗುತ್ತದೆ. ಬಳಿಕ ಕಾಲುಗಳನ್ನು ಹಿಂದೆ ಚಾಚಿ ನೀರನ್ನು ಒದೆಯುತ್ತ, ಹೊಟ್ಟೆಯ ಮೇಲೆ ದೋಣಿಗೆ ಅಡ್ಡಲಾಗಿ ಮಲಗಿ, ಮಗ್ಗುಲು ತಿರುಗಿ ಕುಳಿತು, ಕೊನೆಯಲ್ಲಿ ಕಾಲುಗಳನ್ನು ಒಳಗೆ ತೆಗೆದುಕೊಳ್ಳಬೇಕು. ಮೊದಲ ದಿನ ಹತ್ತರಲ್ಲಿ ಎಂಟು ಬಾರಿ ಜಾರುತ್ತೀರಿ. ಕೊಂಬೆ ಹಿಡಿದು ಜೋತಾಡುವ ಸ್ಥಿತಿ ಬರುವುದು ಈ ಅಭ್ಯಾಸ ಇಲ್ಲದಾಗಲೇ.

ನದಿಯಲ್ಲಿ ಗುಂಪನ್ನು ನಡೆಸುವ ಬಗೆಗೆ ಬರುತ್ತೇನೆ. ಮುಂದೆ ಒಬ್ಬರು, ಕೊನೆಯಲ್ಲಿ ಒಬ್ಬರು ಗೊತ್ತಾಗಿರಲಿ; ಮುಂದಿನವರು ತಿರುವಿನ ಈಚೆಗೆ ನಿಂತು ಕೊನೆಯವರನ್ನು ಕಣ್ಣಿಂದ ಕಾಣುವವರೆಗೆ ಮುಂದುವರಿಯಬಾರದು. ಎಲ್ಲರ ಜಾಕೆಟ್ಟಿಗೂ ಒಂದೊಂದು ಸೀಟಿ ಕಟ್ಟಿರಲಿ. ಬಲಶಾಲಿ ಗೆಳೆಯನಿಗೆ ಬೇಸರವಾಗದಿರಲು ಒಂದು ಉಪಾಯವಿದೆ. ನೀವು ನೂರು ಮೀಟರ್ ಸಾಗುವಷ್ಟರಲ್ಲಿ ಅವನು ಸೆಳವಿಗೆ ಓರೆಯಾಗಿ ದೋಣಿಯ ಮೂತಿಯಿಟ್ಟು ಆಚೆ ದಡಕ್ಕೆ ಹೋಗಿ ಬರಲಿ, ಬಂಡೆಯ ಹಿಂದಿನ ನಿಂತ ನೀರಿಗೆ ಹೊಕ್ಕು ಹೊರಬರಲಿ. ನೇರವಾಗಿ ಓಡುವುದಕ್ಕಿಂತ ಇದು ಕಠಿಣವಾದ ಅಭ್ಯಾಸ. ಅವನು ಗುಂಪನ್ನೂ ಬಿಟ್ಟಂತಾಗುವುದಿಲ್ಲ.

ದಿನವನ್ನು ತೀರ್ಮಾನಿಸಲು ತುಂಗಭದ್ರಾ ಜಲಾಶಯದ ಹೊರಹರಿವನ್ನು ನೋಡಿ. ಪತ್ರಿಕೆಗಳಲ್ಲಿ ನೀರಿನ ಮಟ್ಟದ ಜೊತೆ ಒಳಹರಿವು, ಹೊರಹರಿವುಗಳನ್ನು ಕ್ಯೂಸೆಕ್ ಲೆಕ್ಕದಲ್ಲಿ ಹಾಕುತ್ತಾರೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಕಾಲುವೆಗೆ ಬಿಟ್ಟದ್ದು ಬೇರೆ, ನದಿಗೆ ಬಿಟ್ಟದ್ದು ಬೇರೆ ಎಂಬುದನ್ನು ಗಮನಿಸಿ. ಸಂಖ್ಯೆಯೊಂದೇ ಸಾಲದು: ನೀವು ಇಳಿಯುವ ಕಡೆ ಒಂದು ಬಂಡೆಯನ್ನು ಗೊತ್ತುಮಾಡಿಕೊಂಡು, ಅಂದಿನ ಹೊರಹರಿವು ಎಷ್ಟಿದ್ದಾಗ ನೀರು ಬಂಡೆಯ ಎಲ್ಲಿಗೆ ಬಂದಿತ್ತು ಎಂದು ಪ್ರತಿ ವಾರ ಪುಸ್ತಕದಲ್ಲಿ ಬರೆದಿಡಿ. ಒಂದು ವರ್ಷದಲ್ಲಿ ಆ ಬಂಡೆಯೇ ನಿಮಗೆ ಉತ್ತರ ಹೇಳುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಅದು ದೋಣಿಯನ್ನು ನೂಕುವ ಬಲ ನಾಲ್ಕು ಪಟ್ಟಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳ ಪೈಕಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದದ್ದು ನಮಗೆಲ್ಲ ನೆನಪಿದೆ. ಅಣೆಕಟ್ಟಿನ ಕೆಳಗಿನ ನದಿಯಲ್ಲಿ ಮುನ್ಸೂಚನೆಯಿಲ್ಲದೆ ನೀರು ಏರಬಹುದು ಎಂದೇ ಭಾವಿಸಿ ನಡೆಯಬೇಕು. ಮಳೆಗಾಲದಲ್ಲಿ ಗೇಟು ತೆರೆದಿರುವಷ್ಟು ದಿನ ನಾವು ದೋಣಿಗಳನ್ನು ಹೊರಗೆ ತೆಗೆಯುವುದೇ ಇಲ್ಲ.

ಉತ್ತರ 2: ಹರಿಗೋಲಿನ ಮನೆಯ ಮಗಳು

ನಾನು ಆನೆಗೊಂದಿಯವಳು. ನಮ್ಮ ತಂದೆ ಈ ಕಡವಿನಲ್ಲಿ ಮೂವತ್ತು ವರ್ಷ ಹರಿಗೋಲು ಹಾಕಿದವರು. ಮೇಲಿನ ಅಣ್ಣನವರು ಹೇಳಿದ್ದೆಲ್ಲ ಸರಿಯಾಗಿದೆ. ನಾನು ಹೊಳೆಯನ್ನು ಓದುವ ಬಗೆಯನ್ನಷ್ಟೇ ಸೇರಿಸುತ್ತೇನೆ.

1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಯಸ್ ಇಲ್ಲಿನ ಬುಟ್ಟಿಯಂಥ ದೋಣಿಗಳನ್ನು ಕಂಡು, ಅವು ನೇರವಾಗಿ ಹೋಗಲಾರದೆ ಸುತ್ತುತ್ತಲೇ ಸಾಗುತ್ತವೆ ಎಂದು ದಾಖಲಿಸಿದ್ದಾನೆ. ಅಂದು ಬಿದಿರಿನ ಬುಟ್ಟಿಗೆ ಚರ್ಮದ ಹೊದಿಕೆ, ಇಂದು ಪ್ಲಾಸ್ಟಿಕ್ ಚೀಲ ಮತ್ತು ಡಾಂಬರು. ಸುತ್ತುವುದು ಮಾತ್ರ ಹಾಗೆಯೇ ಇದೆ. ನೇರ ಹೋಗಲಾರದ ದೋಣಿಯವನಿಗೆ ಹೊಳೆಯೊಡನೆ ಬಲಪ್ರದರ್ಶನ ಸಾಧ್ಯವಿಲ್ಲ. ಆಚೆ ದಡದಲ್ಲಿ ಇಳಿಯಬೇಕಾದ ಜಾಗಕ್ಕಿಂತ ಬಹಳ ಮೇಲೆ ಹೋಗಿ ಹರಿಗೋಲು ಬಿಡುತ್ತಿದ್ದರು ನಮ್ಮ ತಂದೆ. ಉಳಿದದ್ದನ್ನು ಸೆಳವೇ ಮಾಡುತ್ತಿತ್ತು.

ಅವರು ನನಗೆ ಕಲಿಸಿದ್ದು ಹೀಗೆ. ನೀರು ನುಣ್ಣಗೆ ಉಬ್ಬಿ, ಅದರ ಕೆಳಗೆ ನೊರೆ ಕಂಡರೆ ಅಲ್ಲಿ ಮುಳುಗಿದ ಬಂಡೆಯಿದೆ. ಎರಡು ಬಗೆಯ ನೀರು ಸೇರುವಲ್ಲಿ ಕಸಕಡ್ಡಿ ತಿರುಗುತ್ತಿದ್ದರೆ ದೋಣಿಯ ಮೂತಿ ಅಲ್ಲಿ ಥಟ್ಟನೆ ಹೊರಳುತ್ತದೆ. ಕಪ್ಪಗೆ, ಅಲುಗದೆ ನಿಂತದ್ದು ಮಡು. ಎಲ್ಲಕ್ಕಿಂತ ಮೋಸದ್ದು ಒಡ್ಡು. ವಿಜಯನಗರದ ಕಾಲದ ಕಲ್ಲಿನ ಒಡ್ಡುಗಳನ್ನು ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಹೊಳೆಗೆ ಅಡ್ಡಲಾಗಿ ದಾರ ಹಿಡಿದಂತೆ ಒಂದು ಗೆರೆ, ಅದರಾಚೆ ನೀರೇ ಇಲ್ಲವೆಂಬಂತೆ ದೂರದ ಗಿಡಗಳ ಬುಡ. ಕೆಳಗೆ ಬಿದ್ದ ನೀರು ಮತ್ತೆ ಒಡ್ಡಿನ ಕಡೆಗೇ ಮಗುಚಿಕೊಳ್ಳುವುದರಿಂದ, ಬಿದ್ದವರನ್ನೂ ದೋಣಿಯನ್ನೂ ಅದು ಅಲ್ಲೇ ಹೊರಳಿಸುತ್ತದೆ; ಈಜು ಬಲ್ಲವರೂ ಹೊರಬರಲಾರರು. ಆ ಗೆರೆ ಕಂಡೊಡನೆ, ಶಬ್ದ ಕೇಳುವವರೆಗೆ ಕಾಯದೆ, ದಡಕ್ಕೆ ಬಂದು ದೋಣಿಯನ್ನು ಹೊತ್ತು ದಾಟಿಸಿ. ಸೆಳವಿನಲ್ಲಿ ಬಿದ್ದರೆ ನಿಲ್ಲಲು ಹೋಗಬೇಡಿ, ಕಲ್ಲುಗಳ ಸಂದಿನಲ್ಲಿ ಪಾದ ಸಿಕ್ಕಿದರೆ ನೀರೇ ಅದುಮಿ ಮಲಗಿಸುತ್ತದೆ. ಅಂಗಾತ ಮಲಗಿ, ಪಾದಗಳನ್ನು ಮುಂದಕ್ಕೆ ಮೇಲಕ್ಕೆತ್ತಿ ತೇಲಿರಿ.

ಇನ್ನೊಂದು ವಿನಂತಿ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ನೀವು ಹುಟ್ಟು ಹಾಕುವ ಜಾಗ ಅದರೊಳಗೇ ಇದೆ, ಆದ್ದರಿಂದ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಎಲ್ಲಿ ಇಳಿಯಬಹುದು ಎಂಬುದನ್ನು ಕೇಳಿಕೊಳ್ಳಿ. ಮೀನಿನ ಮುಳ್ಳು, ಹುರುಪೆ ತುಂಬಿದ ಹಿಕ್ಕೆ ಬಿದ್ದಿರುವ ಬಂಡೆಯ ಹತ್ತಿರ ಅವುಗಳ ಬಿಲ ಇರುತ್ತದೆ; ಚಳಿಗಾಲದಲ್ಲಿ ಮರಿಗಳೂ ಇರುತ್ತವೆ. ಅಂಥಲ್ಲಿ ದೋಣಿ ತಾಗಿಸಬೇಡಿ. ಬಂಡೆಯಿಂದ ಬಂಡೆಗೆ ಬಲೆ ಕಟ್ಟಿರುವುದನ್ನು ಕಂಡರೆ ಸುತ್ತಿ ಹೋಗಿ. ನಿಮ್ಮ ಗೆಳೆಯನನ್ನು ಎತ್ತಿದವರ ಬದುಕು ಆ ಬಲೆಯ ಮೇಲಿದೆ. ಅವರ ಬಳಿ ಹತ್ತು ನಿಮಿಷ ಕುಳಿತು ಅಂದಿನ ನೀರಿನ ಬಗ್ಗೆ ಕೇಳಿದರೆ ಸಂತೋಷದಿಂದ ಹೇಳುತ್ತಾರೆ.

ಉತ್ತರ 3: ರಾಯಚೂರಿನಿಂದ

ಇದನ್ನು ಓದಿ ಯಾರಾದರೂ ದೋಣಿ ಹೊತ್ತು ನಮ್ಮ ಕಡೆಯ ಕೃಷ್ಣೆಗೆ ಬಂದಾರು ಎಂಬ ಕಳವಳದಿಂದ ಬರೆಯುತ್ತಿದ್ದೇನೆ. ರಾಯಚೂರು ಜಿಲ್ಲೆಯ ಕೃಷ್ಣಾ ನದಿಯಲ್ಲಿ ಮೊಸಳೆಗಳಿವೆ. ನಡುಗಡ್ಡೆಗಳ ಜನ ದಿನವೂ ತೆಪ್ಪದಲ್ಲಿ ದಾಟುತ್ತಾರೆ ನಿಜ, ಆದರೆ ಅದು ಅವರಿಗೆ ಅನಿವಾರ್ಯ, ನಮಗಲ್ಲ. ಜೊತೆಗೆ ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ಸೇತುವೆಗಳೇ ಮುಳುಗುವ ನದಿ ಇದು. ತುಂಗಭದ್ರೆಯಲ್ಲೂ ಮೊಸಳೆಗಳುಂಟು. ಚಳಿಗಾಲದ ಬೆಳಗಿನಲ್ಲಿ ಅವು ಮರಳದಿಣ್ಣೆ, ಚಪ್ಪಟೆ ಬಂಡೆಗಳ ಮೇಲೆ ಬಿಸಿಲು ಕಾಯುತ್ತವೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಮೊಟ್ಟೆಯಿಟ್ಟು ಗೂಡು ಕಾಯುವ ಹೊತ್ತಿನಲ್ಲಿ ಹತ್ತಿರ ಬಂದವರನ್ನು ಸಹಿಸುವುದಿಲ್ಲ. ಮುಂಜಾವದ ಮಬ್ಬಿನಲ್ಲಿ, ಮುಸ್ಸಂಜೆಯಲ್ಲಿ ಇಳಿಯಬೇಡಿ. ದೋಣಿಯ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂರುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ. ಮಾರ್ಚ್ ಬಂತೆಂದರೆ ನಮ್ಮ ಸೀಮೆಯ ಬಿಸಿಲಿಗೆ ಒಂಬತ್ತು ಗಂಟೆಯೊಳಗೆ ದಡದಲ್ಲಿರಬೇಕು. ತಲೆಯೊಬ್ಬರಿಗೆ ಎರಡು ಲೀಟರ್ ಕುಡಿಯುವ ನೀರು ದೋಣಿಯಲ್ಲಿರಲಿ.

ಪ್ರಶ್ನೆ ಕೇಳಿದವರಿಂದ: ಗಂಗಾವತಿಯ ಹುಟ್ಟುಗಾರ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಇದನ್ನು ಮೊಬೈಲಿನಲ್ಲಿ ಗೆಳೆಯನಿಗೆ ತೋರಿಸಿದೆ. ಮೊದಲು ಅವನ ಮುಖ ಸಣ್ಣದಾಯಿತು. ಒಡ್ಡಿನ ಗೆರೆಯ ಬಗ್ಗೆ ಅಕ್ಕನವರು ಬರೆದದ್ದನ್ನು ಎರಡು ಸಲ ಓದಿ, "ನಾನು ಕಂಡದ್ದು ಅದೇ, ಅದನ್ನು ನಿಂತ ನೀರು ಎಂದುಕೊಂಡಿದ್ದೆ" ಎಂದ.

ಈ ಭಾನುವಾರ ನಾವು ನದಿಗೆ ಹೋಗಲಿಲ್ಲ. ಪರಿಚಯದವರ ಊರಿನ ಕೆರೆಯಲ್ಲಿ, ಅವರ ಒಪ್ಪಿಗೆ ಪಡೆದು, ಮಗುಚುವ ಅಭ್ಯಾಸವನ್ನಷ್ಟೇ ಮಾಡಿದೆವು. ನಾನು ಏಳನೆಯ ಸಲಕ್ಕೆ ದೋಣಿ ಹತ್ತಿದೆ. ತಮ್ಮನಿಗೆ ಆಗಲೇ ಇಲ್ಲ. ಅವನ ಜಾಕೆಟ್ ಸಡಿಲವಾಗಿದ್ದು ಎದೆಯ ಬಳಿ ಮೇಲೇರಿ ದೋಣಿಯ ಅಂಚಿಗೆ ಸಿಕ್ಕುತ್ತಿತ್ತು, ಪಟ್ಟಿ ಬಿಗಿದ ಮೇಲೆ ಸ್ವಲ್ಪ ಸುಲಭವಾಯಿತು. ಗಿರಣಿಯ ಗೆಳೆಯ ಮೊದಲ ಸಲಕ್ಕೇ ಹತ್ತಿದವನು ಉಳಿದ ಹೊತ್ತೆಲ್ಲ ನೀರಿನಲ್ಲೇ ನಿಂತು ನಮ್ಮ ದೋಣಿಗಳನ್ನು ಹಿಡಿದುಕೊಟ್ಟ. ನದಿಯಲ್ಲಿ ಇನ್ನು ಮುಂದೆ ಕೊನೆಯ ದೋಣಿ ತನ್ನದೇ ಎಂದು ಅವನೇ ಹೇಳಿದ್ದಾನೆ. ಬುಧವಾರ ಮತ್ತು ಶುಕ್ರವಾರ ಕೆರೆಯಲ್ಲಿ ಅವನ ಎಂಟು ಸುತ್ತುಗಳ ಅಭ್ಯಾಸಕ್ಕೆ ನಾಲ್ಕನೆಯ ಗೆಳೆಯ ಜೊತೆಗೆ ಹೋಗುತ್ತಾನೆ.

ಇಳಿಯುವ ಜಾಗದಲ್ಲಿ ಬಂಡೆಯನ್ನೂ ಗೊತ್ತುಮಾಡಿದ್ದೇವೆ. ಬಣ್ಣ ಬಳಿಯುವುದು ಬೇಡವೆಂದು ಅದರ ನಡುವಿನ ಅಡ್ಡ ಬಿರುಕನ್ನೇ ಗುರುತಾಗಿ ಇಟ್ಟುಕೊಂಡಿದ್ದೇವೆ. ಇಂದು ನೀರು ಅದಕ್ಕಿಂತ ಎರಡು ಗೇಣು ಕೆಳಗಿದೆ. ನಾಳೆ ಅರಣ್ಯ ಇಲಾಖೆಯ ಕಚೇರಿಗೆ ಹೋಗುತ್ತೇನೆ. ಅಂದು ಗೆಳೆಯನನ್ನು ಎತ್ತಿದ ಮೀನುಗಾರರ ಮನೆ ಎಲ್ಲಿದೆ ಎಂದು ವಿಚಾರಿಸಿದ್ದೇವೆ. ಮುಂದಿನ ಭಾನುವಾರ ನಾಲ್ವರೂ ಮೊದಲು ಅಲ್ಲಿಗೆ ಹೋಗುವವರಿದ್ದೇವೆ.